ಎಲೆಯೊಳಗಣ ಒಕ್ಕಲು

ಬಳ್ಳಾರಿ ಸೀಮೆಯ ರೈತನಿಗೆ ಶಿಲೀಂಧ್ರವೆಂಬ ಸಂಸ್ಕೃತ ಪದ ತಿಳಿದಿರಲಿಕ್ಕಿಲ್ಲ. ಅದರ ಕೆಲಸ ಮಾತ್ರ ಚೆನ್ನಾಗಿ ತಿಳಿದಿದೆ. ಜೋಳದ ತೆನೆಯಲ್ಲಿ ಕಾಳು ಇರಬೇಕಾದ ಎಡೆಯಲ್ಲಿ ಕಪ್ಪು ಪುಡಿ ತುಂಬಿದ್ದರೆ ಅದನ್ನು ಕಾಡಿಗೆ ಎನ್ನುತ್ತಾನೆ; ಎಲೆಯ ಮೇಲೆ ಕೆಂಪು ಹುಡಿ ಎದ್ದರೆ ತುಕ್ಕು ಎನ್ನುತ್ತಾನೆ. ಕಣ್ಣಿಗೆ ಹಚ್ಚುವ ಕಾಡಿಗೆ, ಕಬ್ಬಿಣಕ್ಕೆ ಹಿಡಿಯುವ ತುಕ್ಕು, ಹೀಗೆ ಮನೆಯ ಎರಡು ಮಾತುಗಳನ್ನು ಹೊಲಕ್ಕೆ ಒಯ್ದು ಎರಡು ರೋಗಗಳಿಗೆ ಹೆಸರಿಟ್ಟ ಜಾಣ್ಮೆಗೆ ಕನ್ನಡ ಪಾಠ ಹೇಳುವ ನನ್ನಂಥವನು ತಲೆದೂಗಲೇಬೇಕು. ಕಾಳಿದಾಸನ ಮೇಘದೂತದಲ್ಲಿ ಗುಡುಗಿನ ದನಿಗೆ ನೆಲವೊಡೆದು ಏಳುವ ಶಿಲೀಂಧ್ರವು ಭೂಮಿ ಬಂಜೆಯಲ್ಲವೆಂಬುದಕ್ಕೆ ಸಾಕ್ಷಿ. ಆದರೆ ಕವಿ ಕಂಡದ್ದು ಅಣಬೆಯನ್ನು. ರೈತ ಕಂಡದ್ದು ಬೆಳೆಯೊಳಗೆ ಸೇರಿಕೊಂಡ ಕಳ್ಳನನ್ನು. ಆ ಕಳ್ಳನ ದಾಯಾದಿಗಳಲ್ಲೇ ಕೆಲವರು ಕ್ಷಯರೋಗಕ್ಕೆ ಮದ್ದನ್ನು ಬಚ್ಚಿಟ್ಟುಕೊಂಡಿರಬಹುದೆಂಬ ಮಾತು ಈಚಿನ ಕೆಲವು ದಶಕಗಳಿಂದ ವಿಜ್ಞಾನಿಗಳಲ್ಲಿ ನಡೆದಿದೆ. ಆ ಮಾತು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂದು ನಿಂತಿದೆ ಎಂಬುದೇ ಈ ಲೇಖನದ ವಸ್ತು.

ಕ್ಷಯವೆಂದರೆ ಸವೆತ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರನು ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟು, ಮಾವನ ಕೋಪಕ್ಕೆ ಗುರಿಯಾಗಿ, ದಿನದಿನಕ್ಕೆ ಸೊರಗಿದನೆಂಬ ಕಥೆಯನ್ನು ಚರಕಸಂಹಿತೆಯೂ ಹೇಳುತ್ತದೆ. ನಕ್ಷತ್ರಗಳ ರಾಜನಿಗೆ ಮೊದಲು ಬಂದ ರೋಗವಾದ್ದರಿಂದ ಅದು ರಾಜಯಕ್ಷ್ಮ. ಕಥೆಯ ಚಂದ್ರನಿಗೆ ಶುಕ್ಲಪಕ್ಷವುಂಟು. ಮನುಷ್ಯನಿಗೆ ಬಹುಕಾಲ ಅದಿರಲಿಲ್ಲ. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಈ ರೋಗದ ಕ್ರಿಮಿಯನ್ನು ತೋರಿಸಿಕೊಟ್ಟ ಮೇಲೂ ಅರವತ್ತು ವರ್ಷಕಾಲ ವೈದ್ಯರ ಕೈಯಲ್ಲಿದ್ದದ್ದು ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇಷ್ಟೇ. ಬಳ್ಳಾರಿಯಲ್ಲಿ ಹಿಂದೆ ವೆಲ್ಲೆಸ್ಲಿ ಸೆರೆಮನೆಯಾಗಿದ್ದ ಎಡೆ ಕ್ಷಯರೋಗಿಗಳ ಆರೋಗ್ಯಧಾಮವಾಯಿತು. ಸೆರೆಮನೆ ಆರೋಗ್ಯಧಾಮವಾದದ್ದರಲ್ಲಿ ವಿಧಿಯ ವ್ಯಂಗ್ಯವೇನೂ ಇಲ್ಲ. ಆ ಕಾಲದ ಚಿಕಿತ್ಸೆಯೂ ಒಂದು ಬಗೆಯ ಸೆರೆವಾಸವೇ. ನಮ್ಮ ಕಡೆ ಈ ರೋಗದ ಮಾತನ್ನು ಹಳೆಯ ಕಥೆಯೆಂದು ಮುಗಿಸುವಂತಿಲ್ಲ. ಕಲ್ಲು ಒಡೆಯುವ, ಗಣಿ ತೋಡುವ ಕೆಲಸದಲ್ಲಿ ಸಿಲಿಕಾ ಧೂಳು ಎದೆಗೂಡನ್ನು ಹೊಕ್ಕವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಹೆಚ್ಚೆಂಬುದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ಭಾರತದವರೇ.

ಮೊದಲ ನಿಜವಾದ ಮದ್ದು ಬಂದದ್ದು ಮಣ್ಣಿನಿಂದ. ೧೯೪೩ರಲ್ಲಿ ಅಮೆರಿಕದ ರಟ್ಜರ್ಸ್ ವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ ಎಂಬ ತರುಣನು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಒಂದು ಜೀವಿಯನ್ನು ಬೇರ್ಪಡಿಸಿದ. ಅದೇ ಜಾತಿಯದು ಒಂದು ಕೋಳಿಯ ಗಂಟಲಲ್ಲೂ ದೊರೆಯಿತು. ಅದರಿಂದ ಬಂದದ್ದು ಸ್ಟ್ರೆಪ್ಟೊಮೈಸಿನ್. ಹೆಸರಿನ ಕೊನೆಯಲ್ಲಿರುವ 'ಮೈಸಿನ್' ಗ್ರೀಕರ ಅಣಬೆಯ ಮಾತಿನಿಂದ ಹುಟ್ಟಿದ್ದು. ಆ ಜೀವಿ ನೂಲುನೂಲಾಗಿ ಹಬ್ಬುವುದನ್ನು ಕಂಡು ಹಿಂದಿನವರು ಅದನ್ನು ಶಿಲೀಂಧ್ರದ ಬಳಗಕ್ಕೆ ಸೇರಿಸಿದ್ದರು; ಅದು ವಾಸ್ತವವಾಗಿ ಬ್ಯಾಕ್ಟೀರಿಯ. ೧೯೫೨ರಲ್ಲಿ ನೊಬೆಲ್ ಬಹುಮಾನ ಗುರುವಿಗೆ ಮಾತ್ರ ಬಂತು. ಶಿಷ್ಯನು ಅದಕ್ಕೆ ಮೊದಲೇ ನ್ಯಾಯಾಲಯದ ಮೆಟ್ಟಿಲು ಹತ್ತಿ ತನ್ನ ಪಾಲನ್ನು ಒಪ್ಪಿಸಿಕೊಂಡಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಈ ಮದ್ದಿನ ಮೊದಲ ದಿನಗಳ ಚರಿತ್ರೆಯಲ್ಲಿ ಒಂದು ಪಾಠವಿದೆ. ೧೯೪೮ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಸಂಶೋಧನ ಮಂಡಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ ೫೫ ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು ೪. ಬರಿಯ ವಿಶ್ರಾಂತಿಯಲ್ಲಿದ್ದ ೫೨ ಮಂದಿಯಲ್ಲಿ ೧೪. ಪತ್ರಿಕೆಗಳು ಹಬ್ಬ ಮಾಡಬಹುದಾದ ಅಂತರ! ಐದು ವರ್ಷ ಕಳೆದು ಮತ್ತೆ ಲೆಕ್ಕ ಹಾಕಿದಾಗ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಕ್ರಿಮಿಗಳು ಕೆಲವೇ ತಿಂಗಳಲ್ಲಿ ಮದ್ದನ್ನು ಸೈರಿಸಲು ಕಲಿತಿದ್ದವು. ಒಂದು ಮದ್ದು ಸಾಲದು, ಒಟ್ಟಿಗೆ ಎರಡು ಮೂರು ಬೇಕು ಎಂಬುದು ಅಂದೇ ಗೊತ್ತಾಯಿತು. ೧೯೫೨ರಲ್ಲಿ ಐಸೋನಿಯಾಜಿಡ್ ಬಂತು. ೧೯೫೭ರಲ್ಲಿ ಫ್ರಾನ್ಸಿನ ಕಡಲಕರೆಯ ಒಂದು ಪೈನ್ ತೋಪಿನ ಮಣ್ಣು ಇಟಲಿಯ ಮಿಲಾನ್ ನಗರದ ಪ್ರಯೋಗಶಾಲೆಯನ್ನು ಸೇರಿತು; ಅದರೊಳಗಿನ ಇನ್ನೊಂದು ಬ್ಯಾಕ್ಟೀರಿಯದ ರಸವೇ ಮುಂದೆ ರಿಫಾಂಪಿಸಿನ್ ಆಯಿತು. ಆಗ ಜನಪ್ರಿಯವಾಗಿದ್ದ 'ರಿಫಿಫಿ' ಎಂಬ ದರೋಡೆಯ ಸಿನಿಮಾದ ಹೆಸರನ್ನು ಮದ್ದಿಗೆ ಅಂಟಿಸಿದ ಆ ವಿಜ್ಞಾನಿಗಳ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು.

ಈ ಕಥೆಯಲ್ಲಿ ಕನ್ನಡ ನಾಡಿನವರೊಬ್ಬರ ಹೆಸರು ಬರಬೇಕು. ಮೈಸೂರು ಸೀಮೆಯ ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಅವರು ವಿದ್ವತ್ತನ್ನು ಸಂಪಾದಿಸಿದ್ದೇ ಗಿಡಗಳಲ್ಲಿ ವಾಸಮಾಡುವ ಶಿಲೀಂಧ್ರಗಳಲ್ಲಿ. ಮೇಲೆ ಹೇಳಿದ ಕಾಡಿಗೆ, ತುಕ್ಕುಗಳೇ ಅವರ ಅಭ್ಯಾಸದ ವಿಷಯ. ಬಿ. ಬಿ. ಮುಂಡ್ಕೂರರೊಡನೆ ಅವರು ಬರೆದ ಭಾರತದ ಕಾಡಿಗೆ ಶಿಲೀಂಧ್ರಗಳ ಗ್ರಂಥ ೧೯೫೨ರಲ್ಲಿ ಹೊರಬಂತು. ಆಮೇಲೆ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನೆಯ ಹೊಣೆ ಹೊತ್ತರು. ೧೯೫೫ರಲ್ಲಿ ಪೆನಿಸಿಲಿನ್ ತಯಾರಿಕೆ ತೊಡಗಿದ ಆ ಸರ್ಕಾರಿ ಕಾರ್ಖಾನೆ ೧೯೬೦ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ನನ್ನೂ ಮಾಡಿ ದೇಶದ ಕ್ಷಯರೋಗಿಗಳಿಗೆ ಒದಗಿಸಿತು. ತಿರುಮಲಾಚಾರರು ಪಿಂಪ್ರಿಯ ಮಣ್ಣಿನಿಂದಲೇ ತೆಗೆದ ಹ್ಯಾಮೈಸಿನ್ ಶಿಲೀಂಧ್ರಗಳನ್ನು ಕೊಲ್ಲುವ ಮದ್ದು. ಜೀವಮಾನವೆಲ್ಲ ಶಿಲೀಂಧ್ರಗಳನ್ನು ಪ್ರೀತಿಯಿಂದ ನೋಡಿದವರ ಕೈಯಿಂದಲೇ ಅವುಗಳ ಮೃತ್ಯು ಹೊರಬಂತು!

ಮದ್ದು ಸಿಕ್ಕಿದ್ದಾಯಿತು, ಊರಿಗೆ ಬಂತೆ? ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ೧೯೬೦ರಲ್ಲಿ ನೆಹರೂ ಅವರು ಉದ್ಘಾಟಿಸಿದರು. ಅದರ ಕಾರ್ಯಕರ್ತರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್-ರೇ ಯಂತ್ರ ಹೊತ್ತು ತಿರುಗಿ ರೋಗಿಗಳನ್ನು ಗುರುತಿಸಿದರು. ಅವರ ಮನೆಮನೆಗೆ ಹೋಗಿ ಮಾತಾಡಿಸಿದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ೧೯೬೩ರಲ್ಲಿ ಪ್ರಕಟಿಸಿದ ವರದಿಯನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕೆಂದು ನನ್ನ ಅಭಿಪ್ರಾಯ. ಹಳ್ಳಿಗನು ಅಜ್ಞಾನಿ, ರೋಗ ಬಂದರೂ ಆಸ್ಪತ್ರೆಗೆ ಹೋಗುವವನಲ್ಲ ಎಂಬುದು ಪಟ್ಟಣದ ನಂಬಿಕೆ. ಕಂಡದ್ದು ಬೇರೆ. ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂದು ಬಹುತೇಕ ಎಲ್ಲರಿಗೂ ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಸೀಸೆ. ಅರೆಬರೆ ಚಿಕಿತ್ಸೆಯಲ್ಲೇ ಕ್ರಿಮಿ ಹೊಸ ವಿದ್ಯೆ ಕಲಿಯುವುದು. ಐಸೋನಿಯಾಜಿಡ್, ರಿಫಾಂಪಿಸಿನ್‌ಗಳೆರಡಕ್ಕೂ ಬಗ್ಗದ ಕ್ಷಯ ಇಂದು ನಮ್ಮ ದೇಶದ ದೊಡ್ಡ ಚಿಂತೆ. ಹೊಸ ಬಗೆಯ ಮದ್ದೊಂದು, ಬೆಡಾಕ್ವಿಲಿನ್, ಅಂಗೀಕಾರ ಪಡೆಯಬೇಕಾದರೆ ೨೦೧೨ ಬರಬೇಕಾಯಿತು. ಅದಕ್ಕೆ ಮೊದಲು ನಲವತ್ತು ವರ್ಷ ಬರಗಾಲ.

ಆದ್ದರಿಂದಲೇ ಮಣ್ಣನ್ನು ಜಾಲಿಸಿ ಬಳಲಿದವರ ಕಣ್ಣು ಎಲೆಯತ್ತ ಹೊರಳಿತು. ರೋಗವಿಲ್ಲದ ಹಸಿರೆಲೆಯೂ ಖಾಲಿ ಮನೆಯಲ್ಲ. ಅದರ ಜೀವಕೋಶಗಳ ಸಂದಿಯಲ್ಲಿ ಗಿಡಕ್ಕೆ ತೊಂದರೆ ಕೊಡದೆ ಶಿಲೀಂಧ್ರಗಳು ಒಕ್ಕಲಿರುತ್ತವೆ. ಇಂಥ ಒಳವಾಸಿಗಳಿಗೆ ಎಂಡೊಫೈಟ್ ಎಂಬ ಹೆಸರು ಕೊಟ್ಟವರು ೧೮೬೬ರಲ್ಲಿ ಜರ್ಮನಿಯ ಡಿ ಬಾರಿ. ಹೆಸರು ಹಳೆಯದಾದರೂ ಬಹುಕಾಲ ಯಾರೂ ಒಳಗೆ ಇಣುಕಿರಲಿಲ್ಲ. ೧೯೯೩ರಲ್ಲಿ ಅಮೆರಿಕದ ಯೂ ಮರದ ತೊಗಟೆಯೊಳಗಿನ ಒಂದು ಶಿಲೀಂಧ್ರ, ಮರ ಮಾಡುವ ಅರ್ಬುದದ ಮದ್ದಾದ ಟ್ಯಾಕ್ಸಾಲನ್ನು ತಾನೂ ಮಾಡುತ್ತದೆಂಬ ವರದಿ ಬಂದಾಗ ಲೋಕ ಎಚ್ಚೆತ್ತಿತು. ಪನಾಮಾದ ಕಾಡಿನಲ್ಲಿ ಎರಡು ಜಾತಿಯ ಮರಗಳ ೮೩ ಎಲೆಗಳನ್ನು ಶೋಧಿಸಿದವರು ೨೦೦೦ದಲ್ಲಿ ಹೇಳಿದ್ದು, ಒಳಗಿದ್ದ ಶಿಲೀಂಧ್ರಗಳು ಸುಮಾರು ೩೪೭ ಬಗೆ! ಎಂಬತ್ತಮೂರು ಎಲೆಗಳ ಒಂದು ಅಗ್ರಹಾರ.

ಅವನ್ನು ಹೊರಗೆ ಕರೆಯುವ ರೀತಿ ಸರಳ. ಎಲೆಯನ್ನು ತೊಳೆದು, ಮದ್ಯಸಾರದಲ್ಲೂ ಬ್ಲೀಚಿನ ದ್ರವದಲ್ಲೂ ಅದ್ದಿ ಮೈಮೇಲಿನ ಜೀವಿಗಳನ್ನೆಲ್ಲ ಕೊಲ್ಲುತ್ತಾರೆ. ಬಳಿಕ ಚೂರುಮಾಡಿ, ಆಲೂಗಡ್ಡೆಯ ಗಂಜಿ ಸೇರಿಸಿ ಹೆಪ್ಪುಗಟ್ಟಿಸಿದ ಅಗರ್ ತಟ್ಟೆಯ ಮೇಲೆ ಇಡುತ್ತಾರೆ. ಕೆಲವು ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಬಿಳಿಯ ನೂಲು ಮೆಲ್ಲನೆ ಹೊರಬರುತ್ತದೆ. ಅದನ್ನು ಬೇರೆ ಮಾಡಿ ವಾರಗಟ್ಟಲೆ ಬೆಳೆಸಿ, ರಸ ತೆಗೆದು, ಕ್ಷಯದ ಕ್ರಿಮಿಗೆ ಉಣಿಸಿ ನೋಡಬೇಕು. ಪರೀಕ್ಷೆಗೆ ನೀಲಿ ಬಣ್ಣವೊಂದನ್ನು ಹಾಕುತ್ತಾರೆ. ಕ್ರಿಮಿ ಬದುಕಿದ್ದರೆ ನೀಲಿ ಗುಲಾಬಿಯಾಗುತ್ತದೆ, ರಸ ಕೆಲಸ ಮಾಡಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

೨೦೦೧ರಲ್ಲಿ ಥಾಯ್ಲೆಂಡಿನ ವಿಜ್ಞಾನಿಗಳು ಕಂಡದ್ದು ಅಂಥ ಒಂದು ನೀಲಿಯನ್ನೇ. ಎಲೆ ಯಾವುದು? ನಮ್ಮ ದಾಂಡೇಲಿಯ ಕಾಡಿನ ಹೆಮ್ಮೆಯಾದ ತೇಗ. ಚಿಯಾಂಗ್ ಮಾಯ್ ಪ್ರಾಂತದ ತೇಗದೆಲೆಯೊಳಗಿದ್ದ ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಅವರು ತೆಗೆದ ಫೋಮೋಕ್ಸಾಂತೋನ್ ಎಂಬ ವಸ್ತು ಒಂದು ಮಿಲಿಲೀಟರಿನಲ್ಲಿ ಅರ್ಧ ಮೈಕ್ರೋಗ್ರಾಮಿನಷ್ಟಿದ್ದರೂ ಕ್ಷಯದ ಕ್ರಿಮಿಯನ್ನು ತಡೆಯಿತು. ಮೇಣದಂಥ ದಪ್ಪ ಕವಚ ತೊಟ್ಟ ಆ ಕ್ರಿಮಿಯೊಳಗೆ ನುಗ್ಗುವುದು ಸಾಮಾನ್ಯ ಮಾತಲ್ಲ. ಪೆನಿಸಿಲಿನ್ ಅಲ್ಲಿ ಸೋತಿತ್ತು. ಅವರು ಪರೀಕ್ಷಿಸಿದ ಕ್ರಿಮಿಯ ವಂಶಾವಳಿಯೂ ಕೇಳತಕ್ಕದ್ದು. ೧೯೦೫ರಲ್ಲಿ ಅಮೆರಿಕದ ಸ್ಯಾರನಾಕ್ ಲೇಕ್ ಆರೋಗ್ಯಧಾಮದ ಒಬ್ಬ ರೋಗಿಯಿಂದ ತೆಗೆದ ಕ್ರಿಮಿಯ ಸಂತತಿ ಅದು. ತಲೆಮಾರುಗಳು ಕಳೆಯುತ್ತ ವಿಷ ಇಳಿದುಹೋದ ಕವಲು. ಆ ರೋಗಿಯ ಹೆಸರು ಉಳಿಯಲಿಲ್ಲ. ಅವನ ರೋಗ ಮಾತ್ರ ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಇನ್ನೂ ಬದುಕಿದೆ.

ಇಷ್ಟರಿಂದ ಮದ್ದು ಸಿಕ್ಕಿತೆನ್ನಬಾರದು. ಅದೇ ವಸ್ತು ಪ್ರಾಣಿಗಳ ಜೀವಕೋಶಗಳನ್ನೂ ಕೊಲ್ಲುತ್ತದೆಂದು ಅದೇ ವರದಿ ಹೇಳಿದೆ. ತಟ್ಟೆಯಲ್ಲಿ ಕ್ರಿಮಿಯನ್ನು ಕೊಲ್ಲುವುದು ಬೆಂಕಿಗೂ ಸಾಧ್ಯ. ಎಲೆಯ ಶಿಲೀಂಧ್ರದಿಂದ ಹೊರಟು ಕ್ಷಯರೋಗಿಯ ಗುಳಿಗೆಯಾಗಿ ಮುಟ್ಟಿದ ವಸ್ತು ಇದುವರೆಗೆ ಒಂದೂ ಇಲ್ಲ. ಆಗಾಗ ಪತ್ರಿಕೆಗಳಲ್ಲಿ 'ಕ್ಷಯಕ್ಕೆ ರಾಮಬಾಣ' ಎಂದು ಬರುವ ತಲೆಬರಹಗಳನ್ನು ಓದುವಾಗ ವಾಚಕರು ಇದನ್ನು ನೆನಪಿನಲ್ಲಿಡುವುದು ಲೇಸು.

ಇನ್ನೊಂದು ತೊಡಕನ್ನು ತೋರಿಸಿದವರು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರೇ. ಅವರು ಅರಸಿದ್ದು ಕ್ಷಯದ ಮದ್ದನ್ನಲ್ಲ, ಅರ್ಬುದದ ಮದ್ದಾದ ಕ್ಯಾಂಪ್ಟೊಥೆಸಿನ್ನನ್ನು; ಆದರೂ ಮಾತು ಇಲ್ಲಿಗೆ ಒಪ್ಪುತ್ತದೆ. ಪಶ್ಚಿಮಘಟ್ಟದ ಮರದೊಳಗಿನ ಶಿಲೀಂಧ್ರಗಳು ಅದನ್ನು ಮಾಡುತ್ತವೆಂದು ೨೦೧೦ರಲ್ಲಿ ಅವರು ವರದಿಮಾಡಿದರು. ಆದರೆ ತಟ್ಟೆಯಿಂದ ತಟ್ಟೆಗೆ ದಾಟಿಸಿ ಬೆಳೆಸುತ್ತ ಹೋದಂತೆ ಇಳುವರಿ ಇಳಿಯುತ್ತ ಬಂತು. ಮನೆ ಬಿಟ್ಟ ಒಕ್ಕಲು ಕಸುಬನ್ನೂ ಬಿಡುತ್ತದೆ. ಅಂದಮೇಲೆ ಶಿಲೀಂಧ್ರವನ್ನು ಸೀಸೆಯಲ್ಲಿ ಕೂಡಿಹಾಕಿದೆವು, ಇನ್ನು ಮರ ಹೋದರೆ ಹೋಗಲಿ ಎನ್ನುವಂತಿಲ್ಲ.

ತೋರಣಗಲ್ಲಿನಿಂದ ದಕ್ಷಿಣಕ್ಕೆ ನೋಡಿದರೆ ಕಾಣುವ ಸಂಡೂರಿನ ಬೆಟ್ಟಸಾಲು ನನ್ನ ಮನಸ್ಸಿಗೆ ಬರುವುದು ಇಲ್ಲಿಯೇ. ಆ ಸಾಲಿನ ರಾಮನದುರ್ಗದ ಗಾಳಿ ಒಳ್ಳೆಯದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಬಳ್ಳಾರಿ ದಂಡಿನ ಕಾಯಿಲೆಯ ಸಿಪಾಯಿಗಳನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಗಾಳಿಯನ್ನರಸಿ ಬಂದವರ ಹಿಂದೆ ಅದಿರನ್ನರಸಿ ಬಂದವರು ಬೆಟ್ಟದ ನೆತ್ತಿಯನ್ನೇ ಬಗೆದರು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಷರತ್ತುಗಳೊಡನೆ ಅದು ಮತ್ತೆ ತೊಡಗಿತು. ಬಗೆದ ನೆಲದಲ್ಲಿ ಸಸಿ ನೆಡಬೇಕೆಂಬುದು ಆ ಷರತ್ತುಗಳಲ್ಲೊಂದು. ಸಸಿ ನೆಟ್ಟರೆ ಮರವಾದೀತು, ಒಪ್ಪೋಣ. ಆದರೆ ಉಷ್ಣವಲಯದ ಮರಗಳಲ್ಲಿ ಎಳೆಯ ಚಿಗುರು ಹುಟ್ಟುವಾಗ ಒಳಗೆ ಶಿಲೀಂಧ್ರ ಇಲ್ಲವೆಂಬಷ್ಟು ಕಡಿಮೆ. ಒಕ್ಕಲು ಬರುವುದು ಆಮೇಲೆ, ಸುತ್ತಣ ಹಳೆಯ ಮರಗಳಿಂದಲೂ ಉದುರಿದ ತರಗಿನಿಂದಲೂ ಗಾಳಿ, ಮಳೆಹನಿ, ಇಬ್ಬನಿಯ ಮೂಲಕ. ಗಣಿಯ ಕೆಂಪು ದಿಬ್ಬದ ಮೇಲೆ ನೆಟ್ಟ ಸಸಿಯ ಎಲೆಗೆ ಆ ಗಾಳಿ ಏನನ್ನು ತರಬಲ್ಲುದೆಂಬುದು ಪಕ್ಕದ ಕಣಿವೆಯಲ್ಲಿ ಎಷ್ಟು ಹಳೆಯ ಮರಗಳು ಉಳಿದಿವೆಯೆಂಬುದನ್ನು ಅವಲಂಬಿಸಿದೆ.