ವಸ್ತುಸಂಗ್ರಹಾಲಯದ ಮಿತ್ರಮಂಡಲಿಗಳು: ಉಪನ್ಯಾಸ ಮತ್ತು ಕ್ಷೇತ್ರದರ್ಶನ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು ಭಾರತದ ಹಳೆಯ ಸಂಗ್ರಹಾಲಯಗಳಲ್ಲೊಂದು ಎಂಬುದನ್ನು ವಾಚಕರು ಬಲ್ಲರು. ಮದರಾಸಿನಲ್ಲಿ ಅಂಥದೇ ಒಂದು ಸಂಸ್ಥೆಯನ್ನು ಕಟ್ಟಿ ಅನುಭವ ಪಡೆದಿದ್ದ ವೈದ್ಯ ಎಡ್ವರ್ಡ್ ಬಾಲ್ಫರನು 1865ರಲ್ಲಿ ಇದಕ್ಕೆ ತಳಹದಿ ಹಾಕಿದನು. 1877ರಲ್ಲಿ ಕರ್ನಲ್ ಸ್ಯಾಂಕಿಯು ನಿರ್ಮಿಸಿದ ಕೆಂಪು ಕಟ್ಟಡಕ್ಕೆ ಅದು ಸ್ಥಳಾಂತರಗೊಂಡಿತು. ಆದರೆ ಅಂದಿನ ಸಾಮಾನ್ಯ ಜನರು ಅದನ್ನು ಕರೆದ ಹೆಸರು ಬೇರೆ. 'ತಮಾಷೆ ಬಂಗಲೆ' ಎಂದರು! ಈ ಹೆಸರನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಆದರೆ ವಿಚಾರಿಸಿ ನೋಡಿದರೆ ತಪ್ಪು ಜನರದಲ್ಲವೆಂದು ತೋರುತ್ತದೆ. ಸತ್ತ ಪ್ರಾಣಿಗಳ ಚರ್ಮ, ಬಣ್ಣದ ಕಲ್ಲುಗಳು, ಕೈಕಾಲು ಮುರಿದ ವಿಗ್ರಹಗಳು, ಓದಲಾಗದ ಬರಹಗಳು, ಇವೆಲ್ಲವನ್ನೂ ಒಂದೇ ಸೂರಿನಡಿ ಸಾಲಾಗಿ ನಿಲ್ಲಿಸಿ, ಅವುಗಳ ಅರ್ಥವನ್ನು ಹೇಳುವವರೇ ಇಲ್ಲದಿದ್ದಾಗ ನೋಡುವವನಿಗೆ ಅದು ತಮಾಷೆಯಲ್ಲದೆ ಮತ್ತೇನು?

ಆ ಸಂಗ್ರಹಾಲಯದಲ್ಲಿ ಆತಕೂರಿನ ಶಿಲೆಯೊಂದಿದೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು; ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಅದು ಸಾರುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಆತನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; 'ಕಾಳಿ' ಎಂಬ ಬೇಟೆನಾಯಿಯನ್ನು. ಬಳಿಕ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯು ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಒಟ್ಟಿಗೇ ಸತ್ತವು. ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿದನು. ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಉಣ್ಣುವ ಗೊರವನು ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂಬ ಕಟ್ಟಳೆಯೂ ಅದರಲ್ಲಿದೆ.

ಈ ಕಟ್ಟಳೆಯನ್ನು ಗಮನಿಸಬೇಕು. ಕಲ್ಲು ಉಳಿಯುವುದು ಕಲ್ಲಿನ ಬಲದಿಂದಲ್ಲ, ದಿನವೂ ಅದರ ಬಳಿಗೆ ಬರುವ ಮನುಷ್ಯನಿಂದ ಎಂಬ ತಿಳಿವಳಿಕೆ ಹತ್ತನೆಯ ಶತಮಾನದ ಆ ಸೈನಿಕನಿಗಿತ್ತು. ಅದಕ್ಕಾಗಿಯೇ ಆತನು ಗೊರವನನ್ನು ನೇಮಿಸಿದನು. ಕಲ್ಲು ಬೆಂಗಳೂರಿಗೆ ಬಂದಾಗ ಗೊರವನು ಹಿಂದೆಯೇ ಉಳಿದನು. ಸಂಗ್ರಹಾಲಯದಲ್ಲಿ ಆ ಸ್ಥಾನವನ್ನು ತುಂಬುವವರು ಯಾರು? ಕಾವಲುಗಾರನು ಕಲ್ಲನ್ನು ಕಾಯಬಲ್ಲನೇ ಹೊರತು ಕಥೆಯನ್ನು ಕಾಯಲಾರನು. ಈ ಪ್ರಶ್ನೆಗೆ ಲೋಕದ ಹಲವೆಡೆ ಕಂಡುಕೊಂಡ ಉತ್ತರವೇ ಮಿತ್ರಮಂಡಲಿಗಳು.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ 1897ರಲ್ಲಿಯೇ ಮಿತ್ರರ ಸಂಘವೊಂದು ಹುಟ್ಟಿತು. ಇಂಗ್ಲೆಂಡಿನ ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ಸಂಗ್ರಹಾಲಯದ ಮಿತ್ರಮಂಡಲಿ 1909ರದು. ನಮ್ಮ ದೇಶದಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಸಂಗ್ರಹಾಲಯವು 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1998ರಿಂದ ಅದಕ್ಕೆ ಛತ್ರಪತಿ ಶಿವಾಜಿಯ ಹೆಸರಿದೆ. ಅದರ ಬೆಂಬಲಕ್ಕೆ ಹುಟ್ಟಿದ ಮ್ಯೂಸಿಯಂ ಸೊಸೈಟಿಯು ವಿದ್ವಾಂಸರ ಸಾರ್ವಜನಿಕ ಉಪನ್ಯಾಸಗಳನ್ನೂ ಸದಸ್ಯರ ಪ್ರವಾಸಗಳನ್ನೂ ನಡೆಸಿಕೊಂಡು ಬಂದಿದೆ. ಕನ್ನಡಿಗರಿಗೆ ಈ ಸಂಗ್ರಹಾಲಯ ಪರಕೀಯವಲ್ಲವೆಂಬುದನ್ನು ಪ್ರಾಸಂಗಿಕವಾಗಿ ಹೇಳಬೇಕು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚೆಲುವಾದ ಚಾವಣಿಯ ಶಿಲ್ಪಗಳು ಅಲ್ಲಿವೆ. ಆ ಸೀಮೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಋಣಾನುಬಂಧವದು. ಆ ಚಾವಣಿಯ ಕೆಳಗೆ ನಿಂತು ಉಪನ್ಯಾಸ ಕೇಳಿದವನಿಗೆ, ಮುಂದೆ ಐಹೊಳೆಗೆ ಬಂದು ಅದು ಕಳಚಿಹೋದ ಗುಡಿಯನ್ನು ಕಂಡಾಗಲೇ ಪಾಠ ಪೂರ್ತಿಯಾಗುತ್ತದೆ. ಉಪನ್ಯಾಸಕ್ಕೂ ಪ್ರವಾಸಕ್ಕೂ ಇರುವ ಸಂಬಂಧ ಇದೇ.

ನಮ್ಮಲ್ಲಿ ಈ ಬಗೆಯ ಕಾರ್ಯಕ್ಕೆ ಸಮೀಪವಾದ ಹಳೆಯ ಸಂಸ್ಥೆ ಬೆಂಗಳೂರಿನ ಮಿಥಿಕ್ ಸೊಸೈಟಿ. ಅದೂ 1909ರಲ್ಲಿಯೇ ಹುಟ್ಟಿತು. ದಂಡು ಪ್ರದೇಶದ ಕಲೆಕ್ಟರನಾಗಿದ್ದ ಎಫ್. ಜೆ. ರಿಚರ್ಡ್ಸ್ ಅದರ ಸ್ಥಾಪಕನು. ಕ್ರೈಸ್ತ ಪಾದ್ರಿ ಫಾದರ್ ಟಬಾರ್ಡರು ಅದನ್ನು ಬಹುಕಾಲ ಮುನ್ನಡೆಸಿದರು. ಪ್ರಾಕ್ತನಶಾಸ್ತ್ರ, ಜನಾಂಗ ವಿಚಾರ, ಇತಿಹಾಸ, ಮತಧರ್ಮಗಳು ಅದರ ವಿಷಯಗಳು. ಸಭೆಯಲ್ಲಿ ಓದಿದ ಪ್ರಬಂಧವು ತ್ರೈಮಾಸಿಕ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1916ರಲ್ಲಿ ಅಸ್ತಿಭಾರ ಹಾಕಿದ ಡೇಲಿ ಸ್ಮಾರಕ ಭವನವು ಮರುವರ್ಷ ಸಿದ್ಧವಾಯಿತು. ಇಂದಿನ ನೃಪತುಂಗ ರಸ್ತೆಯ ಆ ಭವನದಲ್ಲಿ ನಡೆದ ಉಪನ್ಯಾಸಗಳು ಮೈಸೂರಿನ ಇತಿಹಾಸ ಸಂಶೋಧನೆಗೆ ಮಾಡಿದ ಉಪಕಾರ ದೊಡ್ಡದು. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಆ ಕಾಲದ ಉಪನ್ಯಾಸಗಳು ನಡೆದದ್ದು ಇಂಗ್ಲಿಷಿನಲ್ಲಿ. ಯಾರ ಹೊಲದಲ್ಲಿ ಕಲ್ಲು ನಿಂತಿತ್ತೋ ಆತನ ಕಿವಿಗೆ ಆ ಮಾತು ತಲುಪಲಿಲ್ಲ. ಕನ್ನಡದ ಶಾಸನದ ಮೇಲೆ ಇಂಗ್ಲಿಷಿನಲ್ಲಿ ಚರ್ಚೆ ನಡೆದು, ಅದರ ಸಾರವು ಮರಳಿ ಕನ್ನಡಿಗನಿಗೆ ಮುಟ್ಟಲು ದಶಕಗಳೇ ಬೇಕಾದವು.

ಉತ್ತರ ಕರ್ನಾಟಕದ ನಡೆ ಬೇರೆಯಾಯಿತು. ಆಲೂರು ವೆಂಕಟರಾಯರು 1905ರಲ್ಲಿ ಹಂಪೆ-ಆನೆಗೊಂದಿಯ ಅವಶೇಷಗಳನ್ನು ಕಂಡುಬಂದರು. ಎಷ್ಟೋ ಜನ ಕಂಡಿದ್ದ ಹಾಳು ಅದು. ಆದರೆ ಆ ಒಂದು ದರ್ಶನವು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. 1914ರಲ್ಲಿ ಧಾರವಾಡದಲ್ಲಿ ಇತಿಹಾಸ ಸಂಶೋಧಕ ಮಂಡಲವೂ, 1917ರಲ್ಲಿ 'ಕರ್ನಾಟಕ ಗತವೈಭವ'ವೂ ಅದರ ಫಲವಾಗಿ ಬಂದವು. ಅವರು ಊರೂರು ತಿರುಗಿ ಕನ್ನಡದಲ್ಲಿಯೇ ಮಾತನಾಡಿದರು. ಕರ್ನಾಟಕದ ಏಕೀಕರಣದ ಬೀಜವು ಒಂದು ಪ್ರವಾಸದಲ್ಲಿತ್ತೆಂದರೆ ಅತಿಶಯೋಕ್ತಿಯಾಗದು. ಅತ್ತ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳನ್ನು ಸುತ್ತಿ ತಾಡವೋಲೆಗಳನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರ ಸಂಗ್ರಹಕ್ಕೆ ಭವ್ಯ ಕಟ್ಟಡವಿರಲಿಲ್ಲ, ಸರ್ಕಾರದ ಕಾವಲಿರಲಿಲ್ಲ. ಜಗಲಿಯ ಮೇಲೆ, ಅಟ್ಟದ ಮೂಲೆಯಲ್ಲಿ ಹುಳು ತಿನ್ನುತ್ತಿದ್ದ ಓಲೆಗಳು ಇಂದು ನಮ್ಮ ಬಾಯಲ್ಲಿ ವಚನಗಳಾಗಿ ಉಳಿದಿದ್ದರೆ ಅದಕ್ಕೆ ಆ ಅಲೆದಾಟವೇ ಕಾರಣ. ಬಸವಣ್ಣನವರ ವಂಶದ ಪ್ರಸ್ತಾಪವುಳ್ಳ 1260ರ ಅರ್ಜುನವಾಡದ ಶಾಸನವನ್ನು ಶರಣಪರಂಪರೆಯವರು ಎಷ್ಟು ಆದರದಿಂದ ನೆನೆಯುವರೋ ಬಲ್ಲಿರಿ. ಅದೂ ಒಂದು ಊರಿನಲ್ಲಿ ನಿಂತಿದ್ದ ಕಲ್ಲೇ. ಯಾರೋ ನಿಂತು ಓದಿದ್ದರಿಂದ ಅದಕ್ಕೆ ಬಾಯಿ ಬಂದಿತು.

ಹಾಗೆ ನೋಡಿದರೆ ಕೂಡಿ ಕೇಳುವ ಪದ್ಧತಿಯನ್ನು ನಾವು ಪ್ಯಾರಿಸ್ಸಿನಿಂದ ಕಲಿಯಬೇಕಾಗಿಲ್ಲ. ಕಲ್ಯಾಣದ ಅನುಭವಗೋಷ್ಠಿಯ ನೆನಪು ನಮ್ಮ ಮಠಗಳಲ್ಲಿ ಅಳಿದಿಲ್ಲ. ಸಿರಿಗೆರೆಯ ತರಳಬಾಳು ಪೀಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು 1950ರಲ್ಲಿ ಪ್ರಾರಂಭಿಸಿದ ತರಳಬಾಳು ಹುಣ್ಣಿಮೆಯು ವರ್ಷಕ್ಕೊಂದು ಊರಿಗೆ ಹೋಗಿ, ಅಲ್ಲಿ ಒಂಬತ್ತು ದಿನಗಳ ಕಾಲ ಪಂಡಿತರ ಮಾತನ್ನು ರೈತರ ಕಿವಿಗೆ ಮುಟ್ಟಿಸಿತು. ಗದಗಿನ ತೋಂಟದಾರ್ಯ ಮಠದಲ್ಲಿ 1974ರಲ್ಲಿ ಪೀಠವೇರಿದ ಸಿದ್ಧಲಿಂಗ ಸ್ವಾಮಿಗಳವರು ವಾರವಾರವೂ ಶಿವಾನುಭವವನ್ನು ನಡೆಸಿ, ಸಾಹಿತ್ಯ, ಇತಿಹಾಸ, ವಿಜ್ಞಾನಗಳಿಗೂ ಅಲ್ಲಿ ಎಡೆಕೊಟ್ಟರು. ಕೇಳುಗರನ್ನು ಸಿದ್ಧಪಡಿಸುವ ಕೆಲಸ ಹೀಗೆ ನಡೆದಿದೆ. ನಡೆಯದಿರುವುದು ಮುಂದಿನ ಹೆಜ್ಜೆ. ಕೇಳಿದ ಮಾರನೆಯ ದಿನ ಎದ್ದು, ಕೇಳಿದ್ದನ್ನು ಹೋಗಿ ನೋಡುವುದು!

ಈಗ ನಮ್ಮ ಗಿರಿಸೀಮೆಯ ವಿಷಯಕ್ಕೆ ಬರೋಣ. ಬಾಬಾಬುಡನ್ ಶ್ರೇಣಿಯ ಮಗ್ಗುಲಲ್ಲಿ, ಮುತ್ತೋಡಿಯ ಕಾಡಿಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರಿನಂಥ ಊರಿನಲ್ಲಿ ಕುಳಿತು ಸಂಗ್ರಹಾಲಯದ ಮಾತನ್ನಾಡುವುದು ವಿಚಿತ್ರವೆನಿಸಬಹುದು. ಜಿಲ್ಲಾ ಕೇಂದ್ರದಲ್ಲಿ ಕಾಫಿ ಮಂಡಳಿಯು 'ಕಾಫಿ ಯಾತ್ರಾ' ಎಂಬ ಸಂಗ್ರಹಾಲಯವನ್ನು ಸ್ಥಾಪಿಸಿತು, ನಿಜ. ಕಾಫಿಗೆ ಈ ನೆಲದಲ್ಲಿ ಮೂರೂವರೆ ಶತಮಾನಗಳ ಚರಿತ್ರೆಯಿದೆಯೆಂದು ಐತಿಹ್ಯವು ಹೇಳುತ್ತದೆ. ಅದಕ್ಕೊಂದು ಮನೆಯಿರುವುದು ಯುಕ್ತವೇ. ಆದರೆ ಕಾಫಿಗಿಡದ ಬುಡದಲ್ಲಿರುವ ಚರಿತ್ರೆ ಅದಕ್ಕಿಂತ ಏಳೆಂಟು ನೂರು ವರ್ಷ ಹಳೆಯದು.

ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ವೀರಭದ್ರ ದೇವರ ಗುಡಿಯ ಮುಂದೆ ಎರಡೂವರೆ ಅಡಿಯ ಕಲ್ಲೊಂದು ನಿಂತಿತ್ತು. ಹದಿನಾರು ಸಾಲಿನ ಬರಹ. ಮೈಸೂರು ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಎಣಿಸುವ ಆ ಶಾಸನವು ಕನ್ನಡದ ಪ್ರಾಚೀನತೆಯ ಚರ್ಚೆಗೆಲ್ಲ ಆಧಾರವಾಯಿತು. ಮೂಲಶಿಲೆ ಮೈಸೂರಿಗೆ ಹೋಯಿತು. ಹಲ್ಮಿಡಿಯಲ್ಲಿ ಇಂದು ಇರುವುದು ಅದರ ಪ್ರತಿಕೃತಿ. ಕೃಷ್ಣ ಅವರು ಬರುವ ಮುನ್ನ ಆ ಕಲ್ಲನ್ನು ಒಡೆದು ಗೋಡೆಗೆ ಸೇರಿಸದೆ ಗುಡಿಯ ಮುಂದೆ ನಿಲ್ಲಿಸಿದ್ದ ಊರವರನ್ನು ಯಾರೂ ಹೊಗಳಿದಂತಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚು. ಅವರಿಗೆ ಅಕ್ಷರದ ಅರ್ಥ ತಿಳಿದಿರಲಿಲ್ಲ, ಅಕ್ಷರದ ಬೆಲೆ ತಿಳಿದಿತ್ತು.

ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ಅಗೆಯುವಾಗ ಕಲ್ಲೊಂದು ದೊರೆಯಿತು. ಇತಿಹಾಸದಲ್ಲಿ ಆಸಕ್ತಿಯುಳ್ಳ ನಾಗರಿಕರು ಅದನ್ನು ಗುರುತಿಸಿ, ವಿದ್ವಾಂಸರಿಂದ ಓದಿಸಿದರು. ಗಂಗ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಊರಿನ ಮೇಲೆ ಬಿದ್ದ ಪಡೆಯೊಂದಿಗೆ ಹೋರಾಡಿ ಮಡಿದ ಕಿತ್ತಯ್ಯನೆಂಬವನ ವೀರಗಲ್ಲು ಅದು. ಇನ್ನೊಂದು ದಿನ ತಡವಾಗಿದ್ದರೆ ಮಣ್ಣಿನೊಡನೆ ಅದೂ ಸಾಗಿಹೋಗುತ್ತಿತ್ತು. ಈಗ ಅದಕ್ಕೊಂದು ಮಂಟಪವಾಗಿದೆ. ಲೂಯಿಸ್ ರೈಸನು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚುಹಾಕಿದಾಗ ಇದ್ದ ಶಿಲೆಗಳಲ್ಲಿ ಅನೇಕವು ನಗರ ಬೆಳೆದಂತೆ ಕಣ್ಮರೆಯಾಗಿವೆ. ಉಳಿದವನ್ನು ಗಣಕಯಂತ್ರದ ನೆರವಿನಿಂದ ಮೂರು ಆಯಾಮದ ಚಿತ್ರಗಳಾಗಿ ದಾಖಲಿಸುವ ಕೆಲಸವನ್ನು 2021ರಲ್ಲಿ ಕೈಗೊಂಡದ್ದು ಅದೇ ಮಿಥಿಕ್ ಸೊಸೈಟಿ. ನೂರು ವರ್ಷಗಳ ಹಿಂದೆ ಭವನದೊಳಗೆ ಕುಳಿತು ಕೇಳಿದ ಸಂಸ್ಥೆಯು ಈಗ ಬೀದಿಗಿಳಿದು ಹುಡುಕುತ್ತಿರುವುದು ಸಂತೋಷದ ಸಂಗತಿ.

ನಮ್ಮ ಜಿಲ್ಲೆಯ ಶಾಸನಗಳನ್ನೂ ರೈಸನು 1901ರಲ್ಲಿಯೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವಾಗಿ ಪ್ರಕಟಿಸಿದನು. ಅಂದು ಜಿಲ್ಲೆಗೆ ಕಡೂರು ಎಂಬ ಹೆಸರು. ತಾಲ್ಲೂಕು ತಾಲ್ಲೂಕಾಗಿ, ಊರು ಊರಾಗಿ ಕ್ರಮಸಂಖ್ಯೆ ಕೊಟ್ಟು ಪಾಠವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿರುವುದರಿಂದ, ಸಾಮಾನ್ಯ ಓದುಬರಹ ಬಲ್ಲವನೂ ತನ್ನ ಊರಿನ ಹೆಸರು ಅದರಲ್ಲಿದೆಯೇ ಎಂದು ನೋಡಬಲ್ಲನು. ಕ್ಷೇತ್ರದರ್ಶನವು ಇಲ್ಲಿಂದಲೇ ಮೊದಲಾಗಬೇಕೆಂದು ನನ್ನ ಸೂಚನೆ. ಒಂದು ಸಂಜೆ ಮಠದ ಅಥವಾ ಶಾಲೆಯ ಸಭಾಂಗಣದಲ್ಲಿ ಉಪನ್ಯಾಸ, ಮುದ್ರಿತ ಪಾಠದ ಪ್ರತಿ ಎಲ್ಲರ ಕೈಗೆ, ಮರುದಿನ ಪ್ರಯಾಣ. ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ, ಕಾಲಿಗೆ ಜಿಗಣೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮಾಲೀಕನಿಗೂ ಬಿಡುವಿಲ್ಲ, ಆಳಿಗೂ ಬಿಡುವಿಲ್ಲ. ಶಿವರಾತ್ರಿಯ ಆಸುಪಾಸಿನ ದಿನಗಳೇ ಈ ಸೀಮೆಗೆ ಹಿತ.

ಮೊದಲ ಪ್ರಯಾಣಕ್ಕೆ ಹಿರೇಮಗಳೂರು ಸಾಕು. ಸಕ್ಕರೆಪಟ್ಟಣದ ರುಕ್ಮಾಂಗದನು ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಕಿರಿಯಳಿಗೆ ಚಿಕ್ಕಮಗಳೂರನ್ನೂ ಬಳುವಳಿಯಾಗಿ ಕೊಟ್ಟನೆಂಬ ಕಥೆಯನ್ನು ಎಲ್ಲರೂ ಬಲ್ಲರು. ಜನಮೇಜಯನ ಸರ್ಪಯಾಗದ ಯೂಪಸ್ತಂಭವೆಂದು ಜನ ತೋರಿಸುವ ಕಲ್ಲುಕಂಬವೂ ಅಲ್ಲಿದೆ. ಐತಿಹ್ಯವನ್ನು ಅವಮಾನಿಸದೆ, ಅದನ್ನೇ ಇತಿಹಾಸವೆಂದು ಒಪ್ಪದೆ, ಎರಡನ್ನೂ ಬೇರೆಬೇರೆಯಾಗಿ ಹಿಡಿಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಬೆಳವಾಡಿ, ಅಮೃತಾಪುರಗಳು ಬಳಿಕ ಬರಲಿ. ಇಮ್ಮಡಿ ಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿಗೆ ಒಂದು ಇಡೀ ದಿನವೇ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರಿಗೆ ಕೊರತೆಯಿಲ್ಲ; ಆ ವೈಭವದ ತೊಟ್ಟಿಲನ್ನು ನೋಡುವವರು ವಿರಳ.

ಆ ತೊಟ್ಟಿಲು ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹೊಯ್ಸಳರ ಸೊಸೆವೂರು ಅದೇ. ಸಳನು ಹುಲಿಯನ್ನು ಹೊಯ್ದ ಕಥೆಯ ವಸಂತಿಕಾದೇವಿಯ ಗುಡಿ, ಹಳೆಯ ಬಸದಿಗಳು, ಸುತ್ತಲೂ ಕಾಫಿ. ವಿನಯಾದಿತ್ಯನ ಗುರು ಶಾಂತಿದೇವರು 1062ರಲ್ಲಿ ಅಲ್ಲಿಯೇ ದೇಹ ಬಿಟ್ಟುದನ್ನು ಶಾಸನ ಹೇಳುತ್ತದೆ. ಜೈನ ಮುನಿಯ ನೆನಪಿನ ಕಲ್ಲನ್ನು ನೋಡಲು ಲಿಂಗವಂತರ ಮಠದಿಂದ ಜನ ಹೊರಡಬೇಕೆ ಎಂದು ಕೇಳುವವರೂ ಇರಬಹುದು. ಅಂಥವರನ್ನು ಮೊದಲು ಕರೆದೊಯ್ಯಬೇಕು.

ಹೊರಡುವವರಿಗೆ ಎರಡು ಮಾತು. ಕಲ್ಲಿಗೆ ಬಣ್ಣ ಬಳಿಯಬೇಡಿ, ಉಜ್ಜಬೇಡಿ; ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ತೋಟದೊಳಗಿನ ಕಲ್ಲಾದರೆ ಒಡೆಯರ ಅಪ್ಪಣೆ ಪಡೆದು, ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಓದಿದ ಸಾಲುಗಳನ್ನು ಅವರಿಗೇ ಮೊದಲು ಓದಿ ಹೇಳಿ.