ಪಂತದ ವ್ಯಾಪಾರ: ಇತವಾರಿಯಿಂದ ರೆಸಿಡೆನ್ಸಿ ರಸ್ತೆಯವರೆಗೆ

ಈ ಕಥೆಯನ್ನು ಹತ್ತಿಯಿಂದ ಶುರು ಮಾಡದೆ ಗತಿಯಿಲ್ಲ. ನಾಗಪುರಕ್ಕೆ ರೈಲು ಬಂದದ್ದು 1867ರಲ್ಲಿ. ಹತ್ತು ವರ್ಷ ಕಳೆದು, 1877ರ ಜನವರಿ 1ರಂದು ಜಮ್ಷೆಡ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ತೆರೆದರು. ವಿದರ್ಭದ ಹತ್ತಿ ಮುಂಬಯಿ ಬಂದರಿಗೆ ಹೋಗತೊಡಗಿತು, ದೂರದ ಊರುಗಳ ಧಾರಣೆ ತಂತಿಯ ಮೇಲೆ ಇಲ್ಲಿಗೆ ಬರತೊಡಗಿತು. ತಾನು ಬೆಳೆಯದ, ಕಣ್ಣಿಂದ ನೋಡದ ಹತ್ತಿಯ ಮೇಲೂ ಮನುಷ್ಯ ಹಣ ಕಟ್ಟಬಹುದು ಎಂದಾಯಿತು.

ನಮ್ಮಪ್ಪ ಗದಗಿನ ಹತ್ತಿ ದಲಾಲಿ ಅಂಗಡಿಯಲ್ಲಿ ಕಿರ್ದಿ ಬರೆಯುವುದನ್ನು ಕಲಿತು, ನಾಗಪುರದ ಇತವಾರಿ ಪೇಟೆಯ ಅಡತಿಯೊಬ್ಬರ ಹತ್ತಿರ ಮುನೀಮಿಕೆಗೆ ಬಂದವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ. ಮುಂದೆ ಬರುವ ಮಾಲಿಗೆ ಈಗಲೇ ಧಾರಣೆ ಗೊತ್ತುಮಾಡುವ ವಾಯದೆ ವ್ಯಾಪಾರವನ್ನು ಅವರು ಎಂದೂ ಜೂಜು ಎನ್ನಲಿಲ್ಲ. ಬಿತ್ತಿದವನಿಗೆ ಸುಗ್ಗಿಯ ಹೊತ್ತಿಗೆ ಧಾರಣೆ ಏನಾದೀತೋ ಎಂಬ ಭಯವಿರುತ್ತದೆ, ವಾಯದೆ ಆ ಭಯವನ್ನು ನಾಲ್ಕು ಜನರಿಗೆ ಹಂಚುತ್ತದೆ ಎನ್ನುತ್ತಿದ್ದರು. ಆದರೆ ಪೇಟೆಗಳಲ್ಲಿ ಇನ್ನೊಂದು ಆಟವೂ ಇತ್ತು, ಆಂಕಡಾ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆದಾಗಿನ ದರ ಮತ್ತು ಮುಚ್ಚಿದಾಗಿನ ದರದ ಅಂಕಿಗಳ ಮೇಲೆ ಕಟ್ಟುವ ಪಂತ. ಅದರಲ್ಲಿ ಹತ್ತಿಯೂ ಇಲ್ಲ, ರೈತನೂ ಇಲ್ಲ. ಅಪ್ಪ ಮೊದಲನೆಯದನ್ನು ಕಿರ್ದಿಯಲ್ಲಿ ಬರೆಯುತ್ತಿದ್ದರು, ಎರಡನೆಯದನ್ನು ಮುಟ್ಟುತ್ತಿರಲಿಲ್ಲ.

1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ದರ ಬರುವುದು ನಿಂತಿತು. ಆಂಕಡಾ ಅಲ್ಲಿಗೇ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಕಛ್‌ನಿಂದ ಮುಂಬಯಿಗೆ ಬಂದಿದ್ದ ಕಲ್ಯಾಣ್‌ಜಿ ಭಗತ್ 1962ರಲ್ಲಿ ವರ್ಲಿಯಲ್ಲಿ ತಾನೇ ಅಂಕಿ ತೆಗೆಯುವ ಮಟಕಾ ಆಟ ಶುರು ಮಾಡಿದ. 1964ರಲ್ಲಿ ರತನ್ ಖತ್ರಿ ತನ್ನದೇ ಮಟಕಾ ತೆರೆದ. ದರ ಹೇಳುವ ಪೇಟೆಯೇ ಇಲ್ಲದೆ ‘ಓಪನ್’, ‘ಕ್ಲೋಸ್’ ಎರಡೂ ಉಳಿದವು. ನಮ್ಮ ಹುಬ್ಬಳ್ಳಿ-ಗದಗಿನ ಕಡೆ ಓಸಿ ಚೀಟಿ ಬರೆಯುವವರು ಇವತ್ತಿಗೂ ಆ ಹೆಸರಿನಲ್ಲೇ ಬರೆಯುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಖತ್ರಿ ಜೈಲು ಸೇರಿದ. ಮಟಕಾ ಸಾಯಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಗೋಡೆ ಒಡೆದು ಇನ್ನೊಂದು ಮಾಡಿಕೊಳ್ಳುವ ಈ ಛಲವನ್ನು ನಾನು ಹೀಗಳೆಯಲಾರೆ. ಅದು ನಿಜವಾದ ಛಲವೇ. ಆ ಛಲ ಯಾರ ಹಣದಲ್ಲಿ ಬದುಕಿತು ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬರುತ್ತೇನೆ.

ಅದಕ್ಕಿಂತ ಮೊದಲು, ನನ್ನ ಮನಸ್ಸನ್ನು ಬಹಳ ಕಾಡಿದ ಒಂದು ಪ್ರಕರಣ. ನಾನು ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ, ಬಾಂಬೆ ಹೈಕೋರ್ಟಿನ ಪೀಠದಲ್ಲಿ ವಕೀಲಿ ಮಾಡಿದವನು. ಅಲ್ಲಿಯ ಲೈಬ್ರರಿಯ ಹಳೆಯ ಎಐಆರ್ ತೀರ್ಪು ಸಂಪುಟದಲ್ಲಿ ಬೆಂಗಳೂರಿನ ವಿಳಾಸವೊಂದು ಕಣ್ಣಿಗೆ ಬಿತ್ತು: 2, ರೆಸಿಡೆನ್ಸಿ ರಸ್ತೆ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಕಂಪನಿಯ ನೋಂದಾಯಿತ ಕಚೇರಿ. ಇಂಟರ್‌ನೆಟ್ ಹುಟ್ಟುವ ಎಷ್ಟೋ ಮೊದಲು, ಆಡುವವ ಒಂದೂರಲ್ಲಿ ಆಡಿಸುವವ ಇನ್ನೊಂದೂರಲ್ಲಿ ಇರುವ ಪಂತದ ವ್ಯಾಪಾರವನ್ನು ಅವರು ಕಟ್ಟಿದ್ದರು, ಅಂಚೆಯ ಮೇಲೆ.

ಆಟ ಪದಬಂಧ. ಪ್ರವೇಶ ಶುಲ್ಕ ಕಟ್ಟಿ ಚೌಕ ತುಂಬಬೇಕು, ಬಹುಮಾನ ದೊಡ್ಡದು. ಮೊದಲು ಬಾಂಬೆ ರಾಜ್ಯದಲ್ಲಿ ಲೈಸೆನ್ಸ್ ತೆಗೆದುಕೊಂಡೇ ನಡೆಸುತ್ತಿದ್ದರು. 1948ರಲ್ಲಿ ಬಾಂಬೆ ಸರಕಾರ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಮೇಲೆ ನಿಯಂತ್ರಣ, ತೆರಿಗೆ ಎರಡನ್ನೂ ಹೇರುವ ಕಾಯ್ದೆ ತಂದಿತು. ಚಮರ್‌ಬಾಗ್‌ವಾಲಾ ಗಂಟುಮೂಟೆ ಕಟ್ಟಿ ಮೈಸೂರು ಸಂಸ್ಥಾನಕ್ಕೆ ಬಂದರು. ಸ್ಪರ್ಧೆಯ ಚೌಕಗಳು ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಪತ್ರಿಕೆ ಮುದ್ರಣವಾಗುತ್ತಿದ್ದುದು ಬೆಂಗಳೂರಿನಲ್ಲಿ, ಹೆಚ್ಚು ಓಡುತ್ತಿದ್ದುದು ಬಾಂಬೆ ರಾಜ್ಯದಲ್ಲಿ. ಅಲ್ಲಿ ಅರ್ಜಿ ಮತ್ತು ಶುಲ್ಕ ವಸೂಲಿ ಮಾಡಲು ಕಲೆಕ್ಟರುಗಳೆಂಬ ಏಜೆಂಟರಿದ್ದರು. ಪ್ರೆಸ್ ಒಂದು ರಾಜ್ಯದಲ್ಲಿ, ಕಿಸೆ ಇನ್ನೊಂದು ರಾಜ್ಯದಲ್ಲಿ. 1952ರಲ್ಲಿ ಬಾಂಬೆ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ರಾಜ್ಯದ ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ಅದನ್ನು ವಿಸ್ತರಿಸಿತು. ಆಗ ಜಗಳ ಕೋರ್ಟಿಗೆ ಹೋಯಿತು.

ಬಾಂಬೆ ಹೈಕೋರ್ಟಿನಲ್ಲಿ ಚಮರ್‌ಬಾಗ್‌ವಾಲಾ ಗೆದ್ದರು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನಲ್ಲಿ ಸೋತರು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಋಗ್ವೇದದ ಜೂಜುಗಾರನ ಸೂಕ್ತದಿಂದ ಹಿಡಿದು ಮಹಾಭಾರತದವರೆಗೆ ಉಲ್ಲೇಖಿಸಿ, ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ವ್ಯಾಪಾರದ ಸ್ವಾತಂತ್ರ್ಯ ಅದಕ್ಕಿಲ್ಲ ಎಂದು ಬರೆದರು. ಅದೇ ದಿನ ಬಂದ ಇನ್ನೊಂದು ತೀರ್ಪು 1955ರ ಕೇಂದ್ರದ ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು ಉಳಿಸಿತು, ಆದರೆ ಅದು ಜೂಜಿನ ಬಗೆಯ ಸ್ಪರ್ಧೆಗಳಿಗೆ ಮಾತ್ರ ಅನ್ವಯ, ಕೌಶಲದ ಸ್ಪರ್ಧೆಗಳಿಗಲ್ಲ ಎಂದಿತು. ಆ ಕಾಯ್ದೆ ತಿಂಗಳ ಬಹುಮಾನವನ್ನು 1000 ರೂಪಾಯಿಗೆ, ಅರ್ಜಿಗಳನ್ನು 2000ಕ್ಕೆ ಕಟ್ಟಿಹಾಕಿತ್ತು. ದೊಡ್ಡ ಬಹುಮಾನದ ಆಸೆಯ ಮೇಲೆ ನಿಂತ ಉದ್ದಿಮೆಗೆ ಅದು ಮರಣಶಾಸನ.

ಕೋರ್ಟಿಗೆ ಮುಖ್ಯವಾಗಿ ಕಂಡದ್ದು ಏನು? ಪದಬಂಧದ ಒಂದು ಸುಳಿವಿಗೆ ಎರಡು ಪದಗಳೂ ಹೊಂದುತ್ತವೆ. ಆದರೆ ಸಂಘಟಕರು ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ತಾಳೆಯಾದದ್ದೇ ಸರಿ. ಆಡುವವನ ಭಾಷಾಜ್ಞಾನಕ್ಕೆ ಅಲ್ಲಿ ಬೆಲೆಯಿಲ್ಲ. ಅದೇ ದಿನ ‘ಕೌಶಲ’ ಎಂಬ ಪದ ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ಬಾಗಿಲಾಯಿತು. ಜೂಜಲ್ಲದ್ದು ಕೌಶಲ, ಕೌಶಲವಾದರೆ ವ್ಯಾಪಾರ. ಮುಂದಿನ ಅರುವತ್ತು ವರ್ಷ ಪಂತದ ಉದ್ದಿಮೆದಾರರೆಲ್ಲ ಆ ಬಾಗಿಲಲ್ಲೇ ಒಳಗೆ ಬಂದರು.

ಇಲ್ಲಿ ನಾಗಪುರದ ಪಾಲು ದೊಡ್ಡದು. ಎಂ. ಹಿದಾಯತುಲ್ಲಾ ಇಲ್ಲಿಯ ಮಾರಿಸ್ ಕಾಲೇಜಿನಲ್ಲಿ ಓದಿ, ಇಲ್ಲಿಯ ಹೈಕೋರ್ಟಿನಲ್ಲೇ ವಕೀಲಿ ಮಾಡಿ, 1954ರಲ್ಲಿ ಅದರ ಮುಖ್ಯ ನ್ಯಾಯಮೂರ್ತಿಯಾದವರು. 1958ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಬಾರ್‌ನ ಹಿರಿಯರು ಅವರ ಹೆಸರನ್ನು ಇವತ್ತಿಗೂ ಮನೆಯ ಹಿರಿಯರ ಹೆಸರಿನಂತೆ ಎತ್ತುತ್ತಾರೆ. 1967ರ ನವೆಂಬರ್ 22ರಂದು ಅವರೊಂದು ಸಣ್ಣ ತೀರ್ಪು ಬರೆದರು. ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಶನ್ ಕ್ಲಬ್ಬಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದವರನ್ನು 1963ರ ಮೇ ತಿಂಗಳಲ್ಲಿ ಪೊಲೀಸರು ಹಿಡಿದಿದ್ದರು. ಹಿದಾಯತುಲ್ಲಾ ಹೇಳಿದ್ದಿಷ್ಟು: ರಮ್ಮಿ ಮೂರೆಲೆಯಂತೆ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕು, ಹಾಗಾಗಿ ಇದು ಮುಖ್ಯವಾಗಿ ಕೌಶಲದ ಆಟ.

ತೀರ್ಪು ಅಲ್ಲಿಗೆ ಮುಗಿಯುವುದಿಲ್ಲ. ಕ್ಲಬ್ಬು ಎಲೆ, ಕೋಣೆ ಒದಗಿಸಿದ್ದಕ್ಕೆ ಚಿಕ್ಕ ಶುಲ್ಕ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಮನೆಯ ಅಥವಾ ಕ್ಲಬ್ಬಿನ ಯಜಮಾನ ಆಟದಿಂದಲೇ ಲಾಭ ತೆಗೆಯುತ್ತಿದ್ದಾನೆ ಎಂಬುದಕ್ಕೆ ಸಾಕ್ಷ್ಯವಿದ್ದರೆ ಅಪರಾಧ ರುಜುವಾಗಬಹುದು ಎಂದೂ ಅವರು ಬರೆದಿದ್ದಾರೆ.

ಆಟದ ಕಂಪನಿಗಳ ಪರವಾಗಿ ಕೋರ್ಟುಗಳಲ್ಲಿ ಎಷ್ಟೋ ವರ್ಷ ಓದಿದ್ದು ಈ ತೀರ್ಪಿನ ಮೊದಲ ಅರ್ಧವನ್ನು. ನನ್ನ ತಕರಾರು ಇರುವುದು ಇಲ್ಲಿಯೇ. ಎರಡನೆಯ ಅರ್ಧವನ್ನೂ ಅಷ್ಟೇ ಗಂಭೀರವಾಗಿ ಓದಿದ್ದರೆ ಈ ಉದ್ದಿಮೆ ಬೇರೆ ರೂಪದಲ್ಲಿ ಬೆಳೆಯುತ್ತಿತ್ತು.

2006ರಿಂದ ಆನ್‌ಲೈನ್ ರಮ್ಮಿ ಚಿಗುರಿತು. 2008ರಲ್ಲಿ ಹರ್ಷ್ ಜೈನ್, ಭಾವಿತ್ ಶೇಠ್ ಕ್ರಿಕೆಟ್ ಟೀಮು ಕಟ್ಟಿ ಆಡುವ ಡ್ರೀಮ್11 ಕಟ್ಟಿದರು. ಮೊದಲ ವರ್ಷಗಳು ಕಷ್ಟದವು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ಕೌಶಲದ ಆಟ ಎಂದ ಮೇಲೆ ನೆಲ ಗಟ್ಟಿಯಾಯಿತು. 2020ರಲ್ಲಿ ಐಪಿಎಲ್ ಟೂರ್ನಿಗೇ ಅದರ ಹೆಸರು, 222 ಕೋಟಿ ರೂಪಾಯಿಗೆ. 2018ರಲ್ಲಿ ಬೆಂಗಳೂರಿನಲ್ಲಿ ಸಾಯಿ ಶ್ರೀನಿವಾಸ್ ಮತ್ತು ಶುಭ್ ಮಲ್ಹೋತ್ರಾ ಎಂಪಿಎಲ್ ಎಂಬ ಆಟದ ಕಂಪನಿ ಶುರು ಮಾಡಿದರು. ಜಾಮಠಾದ ಕ್ರೀಡಾಂಗಣದಲ್ಲಿ ಪಂದ್ಯವಿದ್ದ ದಿನ ನಮ್ಮ ಸೀತಾಬರ್ಡಿಯ ಪಾನ್ ಅಂಗಡಿಯಲ್ಲಿ ಹುಡುಗರು ಟೀಮು ಕಟ್ಟುತ್ತಾ ನಿಂತಿರುತ್ತಿದ್ದರು. ಅದೇ ಓಣಿಯಲ್ಲಿ ಬುಕ್ಕಿಗಳ ಹಳೆಯ ಪಂತ, ಲಗವಾಡಿ-ಖಾಯವಾಡಿಯೂ ನಡೆದಿತ್ತು, ಫೋನಿನ ಮೇಲೆ.

ಹೊಡೆತಗಳೂ ಸಾಲಾಗಿ ಬಂದವು. 2021ರ ಅಕ್ಟೋಬರ್ 5ರಿಂದ ಕರ್ನಾಟಕದ ಪೊಲೀಸ್ ತಿದ್ದುಪಡಿ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. ಬೆಂಗಳೂರಿನ ಠಾಣೆಯೊಂದರಲ್ಲಿ ಡ್ರೀಮ್11 ಸಂಸ್ಥಾಪಕರ ಮೇಲೆ ಪ್ರಕರಣ ದಾಖಲಾಯಿತು, ಕಂಪನಿ ಕರ್ನಾಟಕದಲ್ಲಿ ಆಟ ನಿಲ್ಲಿಸಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದು ಮಾಡಿತು. ಆ ವರ್ಷವೇ ಬೆಂಗಳೂರಿನ ಆನ್‌ಲೈನ್ ರಮ್ಮಿ ಕಂಪನಿ ಗೇಮ್ಸ್‌ಕ್ರಾಫ್ಟ್‌ಗೆ ಸುಮಾರು 21,000 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸು. 2023ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶಕ್ಕೆ ತಡೆ ಕೊಟ್ಟಿತು. ನಡುವೆ ಜುಲೈ 11ರಂದು ಜಿಎಸ್‌ಟಿ ಮಂಡಳಿ ಪೂರ್ಣ ಮೊತ್ತದ ಮೇಲೆ ಶೇ. 28 ತೆರಿಗೆ ಎಂದು ತೀರ್ಮಾನಿಸಿತು. ಅಪ್ಪನಂತೆ ಕಿರ್ದಿ ಬರೆದು ನೋಡಿದೆ. ನೂರು ರೂಪಾಯಿಯ ಆಟದಲ್ಲಿ ಕಂಪನಿ ಹತ್ತು ರೂಪಾಯಿ ತೆಗೆದುಕೊಂಡರೆ ಮೊದಲು ಅದರ ಮೇಲೆ ಶೇ. 18, ಅಂದರೆ 1 ರೂಪಾಯಿ 80 ಪೈಸೆ. ಆ ತೀರ್ಮಾನದಂತೆ ನೂರಕ್ಕೆ 28. ಕಂಪನಿಯ ಇಡೀ ಆದಾಯಕ್ಕಿಂತ ತೆರಿಗೆಯೇ ದೊಡ್ಡದು. ಎಂಪಿಎಲ್ ಆ ಆಗಸ್ಟಿನಲ್ಲಿ 350 ಜನರನ್ನು ಮನೆಗೆ ಕಳಿಸಿತು. ಆದರೂ ಹೆಚ್ಚಿನ ಕಂಪನಿಗಳು ತೆರಿಗೆಯ ಭಾರವನ್ನು ತಾವೇ ಹೊತ್ತು, ಬೋನಸ್ ಕೊಟ್ಟು, ಉಳಿದುಕೊಂಡವು.

ಅದೇ ಜುಲೈ ತಿಂಗಳಲ್ಲಿ ನಾಗಪುರ ಬೆಚ್ಚಿಬಿತ್ತು. ಇಲ್ಲಿಯ ವ್ಯಾಪಾರಿಯೊಬ್ಬರು ಆನ್‌ಲೈನ್ ಜೂಜಿನಲ್ಲಿ 58 ಕೋಟಿ ಕಳೆದುಕೊಂಡಿದ್ದೇನೆಂದು ಪೊಲೀಸರಿಗೆ ದೂರು ಕೊಟ್ಟರು. ಫೋನಿಗೆ ಬಂದ ಒಂದು ಲಿಂಕು ಅದರ ಆರಂಭ. ಪೊಲೀಸರು ಗೋಂದಿಯಾದಲ್ಲಿ ಆರೋಪಿಯ ಮನೆ ಶೋಧಿಸಿದಾಗ ಕೋಟಿಗಟ್ಟಲೆ ನಗದು, ಕಿಲೋಗಟ್ಟಲೆ ಚಿನ್ನ, ಬೆಳ್ಳಿ ಸಿಕ್ಕವು. ಇತವಾರಿಯಲ್ಲಿ ವಾರಗಟ್ಟಲೆ ಅದೇ ಮಾತು. ಆ ಲಿಂಕಿನ ಹಿಂದೆ ರೆಸಿಡೆನ್ಸಿ ರಸ್ತೆಯಂಥ ವಿಳಾಸವಿರಲಿಲ್ಲ, ಲೆಕ್ಕಪರಿಶೋಧಕರಿರಲಿಲ್ಲ, ನೋಟಿಸು ಕೊಡಲು ಬಾಗಿಲೂ ಇರಲಿಲ್ಲ. ಆದರೆ ದೂರು ಕೊಟ್ಟವರ ಸೊಸೆಯೋ ಮಗಳೋ ಆ ಲಿಂಕಿಗೂ ವಿಳಾಸವಿದ್ದ ಕಂಪನಿಗಳಿಗೂ ಏನು ಭೇದ ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಕೊನೆಗೆ ಆನ್‌ಲೈನ್ ಆಟಗಳ ಮೇಲೆ ಕೇಂದ್ರದ ಕಾಯ್ದೆಯೇ ಬಂತು: 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟವನ್ನು, ಕೌಶಲವಾಗಲಿ ಅದೃಷ್ಟವಾಗಲಿ, ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ಕಳೆದುಕೊಳ್ಳುತ್ತಿದ್ದರು ಎಂಬುದು ಸರಕಾರದ ಅಂದಾಜು. 1957ರಲ್ಲಿ ತೆರೆದ ‘ಕೌಶಲ’ದ ಬಾಗಿಲು ಮೂರು ದಿನದಲ್ಲಿ ಮುಚ್ಚಿತು. ಭಾರತ ತಂಡದ ಅಂಗಿಯ ಮೇಲಿನ ಡ್ರೀಮ್11 ಹೆಸರು, 358 ಕೋಟಿಯ ಒಪ್ಪಂದ, ಅವಧಿ ಮುಗಿಯುವ ಮೊದಲೇ ಹೋಯಿತು. ಎಂಪಿಎಲ್ ಭಾರತದ ಸಿಬ್ಬಂದಿಯಲ್ಲಿ ಶೇ. 60ರಷ್ಟು ಜನರನ್ನು ತೆಗೆಯುವುದಾಗಿ ಹೇಳಿತು. ರಮ್ಮಿ ಕಂಪನಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ತನ್ನ ಹತ್ತಿರ ತರಿಸಿಕೊಂಡಿತು.

ಆ ದಸರೆಗೆ ನನ್ನ ತಮ್ಮನ ಮಗ ಹುಬ್ಬಳ್ಳಿಯಿಂದ ಬಂದಿದ್ದ. ಬೆಂಗಳೂರಿನ ಇಂಥದೇ ಒಂದು ಕಂಪನಿಯಲ್ಲಿ ಇಂಜಿನಿಯರು, ಕೆಲಸ ಹೋಗಿತ್ತು. ಮನೆಸಾಲದ ಕಂತು ಇತ್ತು. ಸರಕಾರದ ಮೇಲೆ ಅವನಿಗಿದ್ದ ಸಿಟ್ಟು ನ್ಯಾಯವಾದದ್ದೇ. ನಡೆಯಲು ಬಿಟ್ಟು, ತೆರಿಗೆ ತಗೊಂಡು, ಒಂದು ವಾರದ ಗಡುವೂ ಇಲ್ಲದೆ ಮುಚ್ಚಿದರೆ ದುಡಿದವರು ಎಲ್ಲಿಗೆ ಹೋಗಬೇಕು? ಅವನ ಸಹೋದ್ಯೋಗಿಗಳು ಕಳ್ಳರಲ್ಲ. ಒಳ್ಳೆಯ ಗಣಿತ ಬಲ್ಲ ಮಕ್ಕಳು.

“ನಿಮ್ಮ ಕಂಪನಿಗೆ ಯಾರಿಂದ ಹೆಚ್ಚು ರೊಕ್ಕ ಬರತಿತ್ತು?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. “ಕಾಕಾ, ಎಲ್ಲಾರಿಂದ ಅಲ್ಲ. ಭಾಳ ಮಂದಿ ಹತ್ತು-ಇಪ್ಪತ್ತು ರೂಪಾಯಿ ಹಾಕಿ ಆಡಿ ಬಿಡತಿದ್ರು. ಸ್ವಲ್ಪ ಮಂದಿ ಮಾತ್ರ ಸೋತಷ್ಟೂ ಹಾಕ್ತಿದ್ರು. ರಾತ್ರಿ ಎರಡಕ್ಕ, ಮೂರಕ್ಕ. ಅವರು ಯಾರಂತ ನಮಗ ಪರದೆ ಮ್ಯಾಲೆ ಕಾಣತಿತ್ತು.”

“ಕಂಡ ಮ್ಯಾಲೆ ಏನು ಮಾಡತಿದ್ರಿ?”

“ಬೋನಸ್ ಕಳಸತಿದ್ವಿ.”

ಹಿದಾಯತುಲ್ಲಾ ಅವರ ತೀರ್ಪಿನ ಪ್ರತಿಯನ್ನು ತೆಗೆದು ಅವನ ಮುಂದಿಟ್ಟೆ. ಎರಡೂ ಅರ್ಧವನ್ನು ಓದಿದ. ತಮ್ಮ ಕಂಪನಿಯಲ್ಲಿ ಈ ತೀರ್ಪಿನ ಹೆಸರು ಎಲ್ಲರಿಗೂ ಗೊತ್ತಿತ್ತು, ಪೂರ್ತಿ ಓದಿದವರನ್ನು ತಾನು ಕಾಣಲಿಲ್ಲ ಎಂದ. ಸೋಲುತ್ತಿರುವವನಿಗೆ ಮಿತಿ ಹಾಕುವ ಒಂದು ವ್ಯವಸ್ಥೆಯನ್ನು ಅವನ ತಂಡವೇ ಬರೆದಿತ್ತಂತೆ. ಆದಾಯ ಇಳಿದೀತೆಂದು ಮೇಲಿನವರು ಅದನ್ನು ಜಾರಿಗೆ ತರಲಿಲ್ಲ.

ಈಗ ಅವನು ಪುಣೆಯಲ್ಲಿದ್ದಾನೆ, ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ. ಖಾತೆಯಿಂದ ಅಸಹಜವಾಗಿ ಹಣ ಹೋಗುತ್ತಿದ್ದರೆ ಗುರುತಿಸುವ ಕೆಲಸ. ಸಂಬಳ ಮೊದಲಿಗಿಂತ ಕಡಿಮೆ. ಕೆಲಸ ಹೇಗಿದೆ ಎಂದು ಫೋನಿನಲ್ಲಿ ಕೇಳಿದೆ. “ಲೆಕ್ಕ ಎಲ್ಲಾ ಅದೇ ಕಾಕಾ,” ಎಂದ, “ಆದ್ರ ಇಲ್ಲೆ ರಾತ್ರಿ ಎರಡಕ್ಕ ರೊಕ್ಕ ಹೋಗೂದು ಕಂಡ್ರ ತಡೀತೀವಿ, ಮುಂಜಾನೆ ಫೋನ್ ಮಾಡಿ ಕೇಳ್ತೀವಿ.”