ನಸುಕಿನ ಕಾವಲುಗಾರರು

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್-1 ಹಾರಿಸಿದ ಹೊತ್ತಿಗೆ ಭಾರತದಲ್ಲಿ ನಡುರಾತ್ರಿ ಕಳೆದು ಸುಮಾರು ಒಂದು ಗಂಟೆ. ಇಲ್ಲಿಯ ಲೆಕ್ಕದಲ್ಲಿ ಅದು ಆಗಲೇ 5ನೇ ತಾರೀಕು. 58 ಸೆಂಟಿಮೀಟರ್ ಅಡ್ಡಳತೆಯ, 83.6 ಕಿಲೋ ತೂಕದ ಆ ಲೋಹದ ಗೋಳ 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತತೊಡಗಿತು. ಅದರ ಬೀಪ್ ಬೀಪ್ ಸದ್ದನ್ನು ಹವ್ಯಾಸಿ ರೇಡಿಯೊ ಕೇಳುಗರು ಲೋಕದ ಮೂಲೆಮೂಲೆಯಲ್ಲಿ ಹಿಡಿದರು. ಮುಂದಿನ ದಿನಗಳಲ್ಲಿ ಜನ ಬೆಳಗಿನ ಜಾವ ಎದ್ದು, ಅಂಗಳದಲ್ಲಿ ನಿಂತು ಆಕಾಶ ನೋಡಿದರು. ಮಿನುಗದೆ, ಸದ್ದಿಲ್ಲದೆ, ನಕ್ಷತ್ರಗಳ ನಡುವೆ ಸಾಗುವ ಒಂದು ಚುಕ್ಕಿ ಅವರಿಗೆ ಕಂಡಿತು.

ಆದರೆ ಬಹುತೇಕರು ನೋಡಿದ್ದು ಸ್ಪುಟ್ನಿಕ್ ಅಲ್ಲ. ಆ ಗೋಳ ಬರಿಗಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣದು. ಅವರು ಕಂಡದ್ದು ಅದನ್ನು ಮೇಲಕ್ಕೊಯ್ದ ರಾಕೆಟ್ಟಿನ ಮುಖ್ಯ ಹಂತವನ್ನು. ಗೋಳವನ್ನು ಕಳಚಿಬಿಟ್ಟ ಮೇಲೆ ಆ ಉದ್ದನೆಯ ಖಾಲಿ ಕೊಳವೆಯೂ ಹೆಚ್ಚುಕಡಿಮೆ ಅದೇ ಕಕ್ಷೆಯಲ್ಲಿ ಸುತ್ತುತ್ತಿತ್ತು. ಬಾಹ್ಯಾಕಾಶ ಯುಗದ ಮೊದಲ ನೋಟವೆಂದು ಲಕ್ಷಾಂತರ ಜನ ನೆನಪಿಟ್ಟುಕೊಂಡದ್ದು ಕೆಲಸ ಮುಗಿಸಿದ ಒಂದು ರಾಕೆಟ್ಟಿನ ಹೊಳಪನ್ನು. ಡಿಸೆಂಬರ್ ಆರಂಭದಲ್ಲಿ ಅದು ವಾತಾವರಣಕ್ಕೆ ಇಳಿದು ಉರಿದುಹೋಯಿತು. ಗೋಳ 1958ರ ಜನವರಿ 4ರವರೆಗೆ ಉಳಿಯಿತು.

ಇವನ್ನು ನೋಡಲು ಮುಂಜಾವೇ ಏಕೆ? ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದು ಹೊಳೆಯಬೇಕಾದರೆ ಬಿಸಿಲು ಅದರ ಮೇಲೆ ಬೀಳಬೇಕು, ನೋಡುವವನು ಮಾತ್ರ ಕತ್ತಲಲ್ಲಿರಬೇಕು. ಸೂರ್ಯ ಹುಟ್ಟುವ ಮುನ್ನ ಒಂದೆರಡು ಗಂಟೆ ಮತ್ತು ಮುಳುಗಿದ ನಂತರ ಅಷ್ಟೇ ಹೊತ್ತು ಈ ಎರಡೂ ಕೂಡಿಬರುತ್ತವೆ. ನೆಲದ ಮೇಲೆ ಇನ್ನೂ ಇರುಳಿದ್ದರೂ ನಾನೂರು ಕಿಲೋಮೀಟರ್ ಎತ್ತರದಲ್ಲಿ ಬೆಳಗಾಗಿರುತ್ತದೆ. ನಡುರಾತ್ರಿಯ ಹೊತ್ತಿಗೆ ಕೆಳ ಕಕ್ಷೆಯ ಉಪಗ್ರಹ ಸಾಮಾನ್ಯವಾಗಿ ಭೂಮಿಯ ನೆರಳಿನಲ್ಲಿ ಅಡಗಿರುತ್ತದೆ. ಸಾಗುತ್ತಿದ್ದ ಚುಕ್ಕಿ ಆಕಾಶದ ಮಧ್ಯದಲ್ಲೇ ಇದ್ದಕ್ಕಿದ್ದಂತೆ ಮಾಯವಾಗುವುದು ಆ ನೆರಳಿನ ಅಂಚನ್ನು ದಾಟಿದಾಗ.

ಈ ಸರಳ ಲೆಕ್ಕವನ್ನು ನಂಬಿ ಒಂದು ದೊಡ್ಡ ಯೋಜನೆಯನ್ನೇ ಕಟ್ಟಿದವರು ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪಲ್. ಅವರು ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕರಾಗಿದ್ದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹ ಹಾರಿಸುವುದಾಗಿ ಅಮೆರಿಕ ಘೋಷಿಸಿತ್ತು. ಹಾರಿಸಿದ್ದೇನೋ ಸರಿ, ಅದು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಅದರ ರೇಡಿಯೊ ಕೈಕೊಟ್ಟರೆ ಹುಡುಕುವವರು ಯಾರು? ಇದಕ್ಕೆ ವಿಪಲ್ ಕೊಟ್ಟ ಉತ್ತರ ಹವ್ಯಾಸಿಗಳು. 1956ರಲ್ಲಿ ಶುರುವಾದ ಈ ಯೋಜನೆಯ ಹೆಸರು ಮೂನ್‌ವಾಚ್. ಗಂಭೀರ ವಿಜ್ಞಾನವನ್ನು ಊರ ಜನರ ಕೈಗೆ ಕೊಡುವುದೇ ಎಂದು ಮೂಗು ಮುರಿದವರೂ ಇದ್ದರು. ಶಿಕ್ಷಕರು, ಗೃಹಿಣಿಯರು, ಶಾಲೆಯ ಮಕ್ಕಳು, ಕಾರ್ಖಾನೆಯ ನೌಕರರು ಸೇರಿ ನೂರಕ್ಕೂ ಹೆಚ್ಚು ತಂಡಗಳಾದವು. ಇವು ಅಮೆರಿಕದಲ್ಲಷ್ಟೇ ಅಲ್ಲ, ಇತರ ದೇಶಗಳಲ್ಲೂ ಹುಟ್ಟಿಕೊಂಡವು.

ಅವರ ವಿಧಾನ ಬೇಲಿ ಹಾಕಿದಂತೆ. ಉತ್ತರ-ದಕ್ಷಿಣವಾಗಿ ಸಾಲಾಗಿ ಕುಳಿತ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ದೂರದರ್ಶಕ. ಒಬ್ಬರ ಪಾಲಿಗೆ ಬಂದ ಆಕಾಶದ ತುಣುಕಿನ ಅಂಚು ಪಕ್ಕದವರ ತುಣುಕಿನ ಮೇಲೆ ಸ್ವಲ್ಪ ಹರಡಿಕೊಳ್ಳುವಂತೆ ಹೊಂದಿಸಲಾಗಿತ್ತು. ಎಲ್ಲ ತುಣುಕು ಸೇರಿದರೆ ಆಕಾಶಕ್ಕೆ ಅಡ್ಡಲಾಗಿ ಒಂದು ಪಟ್ಟಿ. ಆ ಪಟ್ಟಿಯನ್ನು ದಾಟದೆ ಉಪಗ್ರಹ ಮುಂದೆ ಹೋಗುವಂತಿಲ್ಲ. ಅದು ನಡುಗೆರೆ ದಾಟಿದ ಕ್ಷಣ ನೋಡಿದವರು ಸೂಚನೆ ಕೊಡಬೇಕು, ಸಮಯ ದಾಖಲಾಗಬೇಕು. ಎಷ್ಟು ಎತ್ತರದಲ್ಲಿ, ಯಾವ ಸೆಕೆಂಡಿನಲ್ಲಿ ಎನ್ನುವ ಎರಡೇ ಸಂಗತಿ ಕೇಂಬ್ರಿಜ್‌ನ ಕಚೇರಿ ತಲುಪಿದರೆ ಸಾಕು, ಅಂಥ ಹಲವು ವರದಿಗಳಿಂದ ಕಕ್ಷೆಯ ಲೆಕ್ಕ ಹುಟ್ಟುತ್ತಿತ್ತು. ಒಬ್ಬರು ತೂಕಡಿಸಿದರೆ ಬೇಲಿಯಲ್ಲಿ ಕಂಡಿ ಬಿದ್ದಂತೆ.

ಮೊದಲ ಉಪಗ್ರಹ ತಮ್ಮದೇ ದೇಶದ್ದಾಗಿರುತ್ತದೆ ಎಂದು ಅಮೆರಿಕದ ತಂಡಗಳು ಕಾದಿದ್ದವು. ಬಂದದ್ದು ಸೋವಿಯತ್ ಉಪಗ್ರಹ, ಅದೂ ನಿರೀಕ್ಷೆಗೆ ಮೊದಲೇ. ಸಮಭಾಜಕಕ್ಕೆ 65 ಡಿಗ್ರಿ ಓರೆಯಾದ ಕಕ್ಷೆಯಲ್ಲಿ ಅದು ಜನವಸತಿಯ ನೆಲವನ್ನೆಲ್ಲ ಹೆಚ್ಚುಕಡಿಮೆ ದಾಟುತ್ತಿತ್ತು. ವಿಪಲ್ ಯೋಜಿಸಿದ್ದ ದೊಡ್ಡ ಕ್ಯಾಮೆರಾಗಳು ಆಗಿನ್ನೂ ತಮ್ಮ ಜಾಗ ಸೇರಿರಲಿಲ್ಲ. ಆದರೆ ಹವ್ಯಾಸಿಗಳು ಸಿದ್ಧರಿದ್ದರು. ಅಕ್ಟೋಬರ್ ಎರಡನೆಯ ವಾರದಲ್ಲೇ ಆಸ್ಟ್ರೇಲಿಯ ಮತ್ತು ಅಮೆರಿಕದ ತಂಡಗಳಿಂದ ವರದಿ ಬಂತು. ಮೂಗು ಮುರಿದವರು ಸುಮ್ಮನಾದರು.

ಆ ದೊಡ್ಡ ಕ್ಯಾಮೆರಾಗಳ ಕತೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಜೇಮ್ಸ್ ಬೇಕರ್ ಮತ್ತು ಜೋಸೆಫ್ ನನ್ ರೂಪಿಸಿದ ಬೇಕರ್-ನನ್ ಕ್ಯಾಮೆರಾಗಳು ಒಟ್ಟು 12. ಪೆರುವಿನ ಅರೆಕಿಪಾ, ಇರಾನಿನ ಶಿರಾಜ್, ಹವಾಯಿ, ದಕ್ಷಿಣ ಆಫ್ರಿಕ, ಜಪಾನ್ ಮುಂತಾದೆಡೆ ಅವನ್ನು ನೆಲೆಗೊಳಿಸಲಾಯಿತು. ಅವುಗಳಲ್ಲೊಂದು 1958ರಲ್ಲಿ ಹಿಮಾಲಯದ ತಪ್ಪಲಿನ ನೈನಿತಾಲಿಗೆ ಬಂತು. ಅಲ್ಲಿಯ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯವನ್ನು ಆಗ ನಡೆಸುತ್ತಿದ್ದವರು ಎಂ.ಕೆ. ವೇಣು ಬಾಪು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಎರಡು ದಶಕಗಳಿಗೆ ಹತ್ತಿರದಷ್ಟು ಕಾಲ ನೈನಿತಾಲಿನ ಕ್ಯಾಮೆರಾ ಉಪಗ್ರಹಗಳ ಹಾದಿಯನ್ನು ಫಿಲ್ಮಿನ ಮೇಲೆ ಹಿಡಿಯಿತು. ಆ ವೀಕ್ಷಣಾಲಯವೇ ಇಂದಿನ ಆರ್ಯಭಟ ವೀಕ್ಷಣ ವಿಜ್ಞಾನ ಸಂಶೋಧನಾ ಸಂಸ್ಥೆ.

ಬೇಕರ್-ನನ್ ಕ್ಯಾಮೆರಾ ಉಪಗ್ರಹದ ಜೊತೆಜೊತೆಗೇ ಹೊರಳಬಲ್ಲದು. ಆಗ ಚಿತ್ರದಲ್ಲಿ ಉಪಗ್ರಹ ಚುಕ್ಕಿಯಾಗಿ ನಿಲ್ಲುತ್ತದೆ, ನಕ್ಷತ್ರಗಳು ಗೆರೆಗಳಾಗುತ್ತವೆ. ಆದರೆ ಎಲ್ಲಿ ಹೊರಳಬೇಕೆಂದು ಮುಂಚೆ ಗೊತ್ತಿರಬೇಕಲ್ಲ? ಹೊಸ ಉಪಗ್ರಹದ ವಿಷಯದಲ್ಲಿ ಆ ಮೊದಲ ಸುಳಿವನ್ನು ಕೊಡುತ್ತಿದ್ದುದು ಎಷ್ಟೋ ವೇಳೆ ಮೂನ್‌ವಾಚ್ ತಂಡಗಳು. ಇಬ್ಬರೂ ಸೇರಿ ಕಲೆಹಾಕಿದ ಮಾಹಿತಿಯಿಂದ ಭೂಮಿಯ ಬಗ್ಗೆಯೇ ಹೊಸ ತಿಳಿವಳಿಕೆ ಬಂತು. ಒಂದೇ ಉಪಗ್ರಹವನ್ನು ಎರಡು ಖಂಡಗಳಿಂದ ಅಳೆದಾಗ ಸಾಗರದಾಚೆಯ ನೆಲಗಳ ನಡುವಿನ ಅಂತರವನ್ನು ನಿಖರವಾಗಿ ಲೆಕ್ಕ ಹಾಕಲು ಸಾಧ್ಯವಾಯಿತು. ಕಕ್ಷೆಗಳ ಸಣ್ಣ ಏರುಪೇರುಗಳಿಂದ ಭೂಮಿಯ ಆಕಾರದ ವಿವರ ಸಿಕ್ಕಿತು. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾತಾವರಣ ಉಬ್ಬಿ ಉಪಗ್ರಹಗಳನ್ನು ಕೆಳಕ್ಕೆಳೆಯುತ್ತದೆ ಎಂಬುದೂ ಹೀಗೆಯೇ ಸ್ಪಷ್ಟವಾಯಿತು.

ಮೂನ್‌ವಾಚ್‌ನ ಅತ್ಯಂತ ನಾಟಕೀಯ ಮುಂಜಾವು 1962ರ ಸೆಪ್ಟೆಂಬರ್ 5ರದು. 1960ರ ಮೇ ತಿಂಗಳಲ್ಲಿ ಹಾರಿದ್ದ ಸ್ಪುಟ್ನಿಕ್-4 ಭೂಮಿಗೆ ಮರಳಬೇಕಿದ್ದಾಗ ದಿಕ್ಕು ತಪ್ಪಿ, ಇನ್ನೂ ಎತ್ತರದ ಕಕ್ಷೆಗೆ ಏರಿ ಅಲ್ಲೇ ಉಳಿದಿತ್ತು. ಅದು ಬೀಳುವ ಕಾಲ ಸಮೀಪಿಸಿದೆ ಎಂದು ತಿಳಿದ ಮಿಲ್ವಾಕೀ ನಗರದ ತಂಡ ಬೆಳಕು ಹರಿಯುವ ಮುನ್ನವೇ ಕಾದು ಕುಳಿತು, ಅದು ಚೂರುಚೂರಾಗಿ ಉರಿಯುತ್ತ ಸಾಗಿದ್ದನ್ನು ಕಣ್ಣಾರೆ ಕಂಡಿತು. ಅದೇ ಬೆಳಗ್ಗೆ ನೂರು ಕಿಲೋಮೀಟರಿಗೂ ದೂರದ ಮ್ಯಾನಿಟೊವೊಕ್ ಪಟ್ಟಣದಲ್ಲಿ ಗಸ್ತಿನಲ್ಲಿದ್ದ ಪೊಲೀಸರಿಗೆ ನಡುರಸ್ತೆಯಲ್ಲಿ ಹೂತುಕೊಂಡ ಲೋಹದ ತುಂಡೊಂದು ಕಂಡಿತು. ಮೊದಲು ಅವರು ಅದಕ್ಕೆ ಮಹತ್ವ ಕೊಡಲಿಲ್ಲ. ಉಪಗ್ರಹ ಬಿದ್ದ ಸುದ್ದಿ ಕೇಳಿದ ಮೇಲಷ್ಟೇ ಅದರ ಬೆಲೆ ತಿಳಿದದ್ದು. ಸುಮಾರು ಒಂಬತ್ತು ಕಿಲೋ ತೂಕದ ಆ ತುಂಡನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಆಮೇಲೆ ಅದನ್ನು ಸೋವಿಯತ್ ಒಕ್ಕೂಟಕ್ಕೆ ಮರಳಿಸಲಾಯಿತು. ಅದು ಬಿದ್ದ ಜಾಗವನ್ನು ಗುರುತಿಸಲು ಆ ರಸ್ತೆಯಲ್ಲಿ ಹಿತ್ತಾಳೆಯ ಬಳೆಯೊಂದನ್ನು ಕೂರಿಸಿದ್ದಾರೆ.

ರೇಡಾರು, ಗಣಕಯಂತ್ರಗಳು ಬಲಿತಂತೆ ಸಾಲಾಗಿ ಕುಳಿತು ಕಾಯುವವರ ಅಗತ್ಯ ಕಡಿಮೆಯಾಯಿತು. 1975ರಲ್ಲಿ ಮೂನ್‌ವಾಚ್ ಮುಚ್ಚಿತು. ಆದರೂ ನೋಡುವವರು ನೋಡುವುದನ್ನು ಬಿಡಲಿಲ್ಲ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ವಾಯುಪಡೆ ಎಕ್ಸ್-37ಬಿ ಎಂಬ ಮಾನವರಹಿತ ನೌಕೆಯನ್ನು ಹಾರಿಸಿ ಅದರ ಕಕ್ಷೆಯನ್ನು ಗುಟ್ಟಾಗಿಟ್ಟಿತು. ತಿಂಗಳೊಪ್ಪತ್ತಿನಲ್ಲಿ ಹವ್ಯಾಸಿಗಳು ಅದನ್ನು ಪತ್ತೆಹಚ್ಚಿ ಕಕ್ಷೆಯ ಲೆಕ್ಕವನ್ನು ಲೋಕದ ಮುಂದಿಟ್ಟರು. ಹಣ, ಅಧಿಕಾರ ಎಲ್ಲ ಇದ್ದವರಿಗೂ ಬಿಸಿಲಲ್ಲಿ ಹೊಳೆಯುವ ವಸ್ತುವನ್ನು ಮುಚ್ಚಿಡಲು ಆಗಲಿಲ್ಲ.

ಇಂದು ಮುಂಬಯಿ, ದೆಹಲಿಗಳ ದೀಪದ ಮಬ್ಬಿನಲ್ಲಿ ಸಣ್ಣ ನಕ್ಷತ್ರಗಳು ಮುಳುಗಿಹೋಗಿವೆ. ಆದರೆ ನಾನೂರು ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆ ಮಬ್ಬನ್ನೂ ಮೀರಿ ಹೊಳೆಯುತ್ತದೆ. ಒಳ್ಳೆಯ ಮುಂಜಾವಿನಲ್ಲಿ ನಾಲ್ಕೈದು ನಿಮಿಷ ಕಂಡು ಮರೆಯಾಗುವ ಆ ಚುಕ್ಕಿಯೊಳಗೆ 2000ದ ನವೆಂಬರ್‌ನಿಂದ ಈಚೆಗೆ ಮನುಷ್ಯರು ಇಲ್ಲದ ದಿನವೇ ಇಲ್ಲ. ಅದನ್ನು ನೋಡಲು ದೂರದರ್ಶಕ ಬೇಡ. ಹಾಯುವ ಹೊತ್ತು ತಿಳಿದಿರಬೇಕು, ಅಷ್ಟು ಬೇಗ ಏಳಬೇಕು.